ತರಾಸು, ಭೈರಪ್ಪ ಓದಿ ಆಯ್ತು. ಈಗಿನ ಕನ್ನಡ ಕತೆ-ಕಾದಂಬರಿ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು. ದಾವಣಗೆರೆಯಲ್ಲಿ ಇದ್ದೀರಿ. ಕಾಲೇಜಿನ ದಿನಗಳಲ್ಲಿ ತರಾಸು, ಭೈರಪ್ಪ ಅಂತ ದಪ್ಪ ದಪ್ಪ ಕಾದಂಬರಿ ಓದಿದ್ದೀರಿ. ಆಮೇಲೆ ಹತ್ತು ವರ್ಷ ಬರೀ ಇಂಗ್ಲಿಷ್. ಈಗ ಕನ್ನಡಕ್ಕೆ ವಾಪಸ್ ಬರೋಣ ಅಂತ ಹೊಸ ಪುಸ್ತಕ ಎರಡು ತಂದಿರಿ, ಎರಡನ್ನೂ ಅರ್ಧಕ್ಕೆ ಬಿಟ್ಟಿರಿ. “ಏನೂ ನಡೆಯೋದೇ ಇಲ್ಲ, ಸರಿಯಾದ ಕೊನೆಯೂ ಇಲ್ಲ. ಯಾವುದರಿಂದ ಶುರು ಮಾಡಲಿ?” ಅಂತ ಬರೆದಿದ್ದೀರಿ.

ನಾನೂ ಇದೇ ಊರಿನವಳು. ನಿಮ್ಮ ದೂರು ಒಂದು ಕಾಲಕ್ಕೆ ನನ್ನದೂ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಅಜ್ಜಿಯ ತವರು ಮಲೇಬೆನ್ನೂರು. ತರಾಸು ಹುಟ್ಟಿದ ಊರು. ಬೇಸಿಗೆ ರಜೆಯಲ್ಲಿ ಅಜ್ಜಿ ದೀಪದ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತರಾಸು ಅವರ ‘ದುರ್ಗಾಸ್ತಮಾನ’ ಜೋರಾಗಿ ಓದಬೇಕಿತ್ತು. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ಕೈ ಸೇರುತ್ತದೆ ಅನ್ನೋದು ದುರ್ಗದ ಸೀಮೆಯ ಮಕ್ಕಳಿಗೂ ಗೊತ್ತು. ಆದರೂ ಕೊನೆ ಹತ್ತಿರ ಬಂದಾಗ ಅಜ್ಜಿ “ಇವತ್ತಿಗೆ ಸಾಕು, ನಾಳೆ ಓದುವಿಯಂತೆ” ಅನ್ನುತ್ತಿದ್ದರು. ಒಂದು ದಿನ ತಡವಾಗಿಯಾದರೂ ಕೋಟೆ ಬೀಳಲಿ ಅಂತ ಇರಬೇಕು. ನಾನು ಓದು ಕಲಿತದ್ದೇ ಹಾಗೆ. ಅಲ್ಲಿ ಬರೆದವರು ನಮ್ಮ ಕೈ ಹಿಡಿದು ನಡೆಸುತ್ತಾರೆ. ಯಾರ ಮನಸ್ಸಿನಲ್ಲಿ ಏನಿದೆ, ಯಾರು ಮಾಡಿದ್ದು ಸರಿ, ಯಾರದ್ದು ತಪ್ಪು, ಎಲ್ಲವೂ ನಮಗೆ ಸಿಗುತ್ತದೆ.

ಈಗ ಬರೆಯುವವರಲ್ಲಿ ಹಲವರು ಹಾಗೆ ಕೈ ಹಿಡಿಯುವುದಿಲ್ಲ. ಒಂದು ಮನೆಯ ಬಾಗಿಲು ತೆಗೆದು ಒಳಗೆ ಕೂರಿಸಿ ಸುಮ್ಮನಾಗುತ್ತಾರೆ. ಹೇಳದೆ ಬಿಟ್ಟಿದ್ದನ್ನು ನಾವೇ ಕೇಳಿಸಿಕೊಳ್ಳಬೇಕು. ಏನೂ ನಡೆಯಲ್ಲ ಅಂತ ನಿಮಗೆ ಅನಿಸಿದ್ದು ಇದಕ್ಕೇ ಅಂತ ನನ್ನ ಅಂದಾಜು. ನಡೆಯುತ್ತಿರುತ್ತದೆ, ಆದರೆ ಎರಡು ಮಾತಿನ ನಡುವೆ ನಡೆಯುತ್ತಿರುತ್ತದೆ.

ಹಾಗಾಗಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಿಂದ ಶುರು ಮಾಡಿ. 2013ರಲ್ಲಿ ಬಂದದ್ದು. ನೂರು ಚಿಲ್ಲರೆ ಪುಟ, ಅಷ್ಟೇ. ನಾನು ಅದನ್ನು ಮೊದಲ ಸಲ ಓದಿದ್ದು ಬೆಂಗಳೂರಿನ ರೈಲಿನಲ್ಲಿ. ಬೀರೂರಿನಲ್ಲಿ ಶುರು ಮಾಡಿದೆ, ತುಮಕೂರು ಬರುವಷ್ಟರಲ್ಲಿ ಮುಗಿದಿತ್ತು. ಕೊನೆಯ ಪುಟ ತಿರುಗಿಸಿ, ಮುಂದಿನ ಪುಟಗಳು ಕಿತ್ತುಹೋಗಿವೆಯಾ ಅಂತ ನೋಡಿದೆ. ಸಿಟ್ಟೇ ಬಂತು. ವಾಪಸ್ ಬರುವಾಗ ಬೇರೆ ಪುಸ್ತಕ ಇರಲಿಲ್ಲ ಅಂತ ಅದನ್ನೇ ಮತ್ತೆ ಓದಿದೆ. ಅರಸೀಕೆರೆ ದಾಟುವ ಹೊತ್ತಿಗೆ ಮೈ ಜುಮ್ಮೆಂದಿತು.

ಕತೆ ಇಷ್ಟು. ಬೆಂಗಳೂರಿನ ಒಂದು ಕೆಳ ಮಧ್ಯಮ ವರ್ಗದ ಮನೆ. ಅಪ್ಪ ಸೇಲ್ಸ್‌ಮನ್. ಬಾಡಿಗೆ ಮನೆ, ತುಂಬಾ ಇರುವೆ. ಅಮ್ಮನಿಗೆ ಆ ಇರುವೆಗಳ ಮೇಲೆ ಯುದ್ಧ. ಅಪ್ಪನ ಕೆಲಸ ಹೋಗುತ್ತದೆ, ಚಿಕ್ಕಪ್ಪ ಸೋನಾ ಮಸಾಲಾ ಅಂತ ಒಂದು ವ್ಯವಹಾರ ಶುರು ಮಾಡುತ್ತಾನೆ, ದುಡ್ಡು ಬರುತ್ತದೆ. ದೊಡ್ಡ ಮನೆ ಆಗುತ್ತದೆ. ಅಲ್ಲಿಂದ ಮನೆಯವರ ಮಾತು ಬದಲಾಗುತ್ತಾ ಹೋಗುತ್ತದೆ. ಇದನ್ನೆಲ್ಲ ಹೇಳುವವನು ಆ ಮನೆಯ ಮಗ. ಅವನಿಗೆ ಹೆಸರಿಲ್ಲ. ಕೆಲಸವೂ ಇಲ್ಲ. ಕಾಫಿ ಹೌಸಿನಲ್ಲಿ ಕೂರುತ್ತಾನೆ.

ನಮ್ಮ ಮನೆಯವರದು ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ. ಅವಿಭಕ್ತ ಕುಟುಂಬ. ಅಂಗಡಿ ನಡೆಸುತ್ತಿದ್ದವರು ದೊಡ್ಡಪ್ಪ. ಅವರು ಊಟಕ್ಕೆ ಕೂತರೆ ಅಡುಗೆಮನೆಯ ಸದ್ದೇ ಬೇರೆ ಆಗುತ್ತಿತ್ತು. ಮೊದಲ ಬಿಸಿ ರೊಟ್ಟಿ ಅವರ ತಟ್ಟೆಗೆ. ಅವರ ಮುಖ ಸಪ್ಪಗಿದ್ದರೆ ಇಡೀ ಮನೆ ಮೆತ್ತಗೆ ನಡೆಯುತ್ತಿತ್ತು. ಇದರಲ್ಲಿ ವಿಚಿತ್ರ ಇದೆ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಆ ಪುಸ್ತಕದ ಚಿಕ್ಕಪ್ಪನಿಗೆ ಮನೆಯವರು ಮಾಡುವ ಸೇವೆ ಓದಿದಾಗ ಅನಿಸಿತು. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಅವಳ ಜೊತೆ ಮನೆಯ ಹೆಂಗಸರು ನಡೆದುಕೊಳ್ಳುವ ರೀತಿ ನೋಡಿ. ಎರಡನೇ ಓದಿನಲ್ಲಿ ಆ ಕೆಲವು ಪುಟಗಳ ಹತ್ತಿರ ನಿಧಾನ ಮಾಡಿ. ಇರುವೆಗಳ ಹತ್ತಿರವೂ. ಅಮ್ಮ ಇರುವೆ ಕೊಲ್ಲುವುದು ಮೊದಲ ಓದಿಗೆ ತಮಾಷೆಯಾಗಿ ಕಾಣುತ್ತದೆ. ಎರಡನೇ ಸಲ ತಮಾಷೆಯಾಗಿ ಕಾಣುವುದಿಲ್ಲ.

ಶ್ರೀನಾಥ್ ಪೇರೂರ್ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ, ಹೊರದೇಶಗಳಲ್ಲೂ ತುಂಬಾ ಜನ ಓದಿದ್ದಾರೆ. ನಿಮಗೆ ಇಂಗ್ಲಿಷ್ ಓದು ರೂಢಿ ಇದೆ ಅಂತ ಅದನ್ನು ಮೊದಲು ಹಿಡಿಯಬೇಡಿ. ಒಳ್ಳೆಯ ಅನುವಾದ ನಿಜ. ಆದರೆ ಆ ಮನೆಯ ಹೆಂಗಸರು ಚುಚ್ಚಿ ಆಡುವ ಮಾತಿನ ಧ್ವನಿ ಕನ್ನಡದಲ್ಲಿ ಕೇಳಿದರೆ ನಿಮ್ಮ ಅತ್ತೆಯೋ ಚಿಕ್ಕಮ್ಮನೋ ಪಕ್ಕದಲ್ಲಿ ನಿಂತ ಹಾಗಿರುತ್ತದೆ. ಇದು ಹಿಡಿಸಿದರೆ ಅವರದ್ದೇ ‘ಸಕೀನಾಳ ಮುತ್ತು’ ಓದಿ. ಅಲ್ಲಿ ಒಬ್ಬ ಅಪ್ಪ ತಾನು ತುಂಬಾ ಒಳ್ಳೆಯವನು, ಹೊಸ ಕಾಲದವನು ಅಂತ ನಂಬಿಕೊಂಡಿದ್ದಾನೆ. ಮಗಳ ವಿಷಯಕ್ಕೆ ಬಂದಾಗ ಆ ನಂಬಿಕೆ ಎಷ್ಟು ತೆಳು ಅಂತ ಗೊತ್ತಾಗುತ್ತದೆ. ಆ ಹೆಸರನ್ನೇ ನೋಡಿ. ಕನ್ನಡದಲ್ಲಿ ಮುತ್ತು ಅಂದರೆ ಕೊರಳಿನ ಮುತ್ತೂ ಹೌದು, ಕೆನ್ನೆಗೆ ಕೊಡುವ ಮುತ್ತೂ ಹೌದು. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನು ಬಿಡಲೇಬೇಕು, ‘ಸಕೀನಾಸ್ ಕಿಸ್’ ಅಂತ ಆಯಿತು.

ಇಲ್ಲಿಗೆ ನಿಮಗೆ ಮೌನ ಸಾಕಾಗಿರಬಹುದು. ಹಾಗಾದರೆ ಬಾನು ಮುಷ್ತಾಕ್ ಓದಿ. ಅವರು ಹೇಳದೆ ಬಿಡುವವರಲ್ಲ, ಎದೆ ತುಂಬಿ ಹೇಳುವವರು. 2025ರ ಮೇ ತಿಂಗಳಲ್ಲಿ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ವಾ, ಆ 12 ಕತೆಗಳು ಮೂಲದಲ್ಲಿ ನಮ್ಮ ಕನ್ನಡದವು. ದೀಪಾ ಭಾಸ್ತಿ ಅನುವಾದ ಮಾಡಿದ್ದು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪ್ರಶಸ್ತಿ ಬಂದ ವಾರ ನಮ್ಮ ಓಣಿಯಲ್ಲಿ ಪುಸ್ತಕ ಮುಟ್ಟದವರೂ ಅವರ ಹೆಸರು ಹೇಳುತ್ತಿದ್ದರು. ನನಗೆ ಬೇಜಾರಾದದ್ದು ಒಂದೇ. ಎಷ್ಟೋ ಜನ ಇಂಗ್ಲಿಷ್ ಪುಸ್ತಕ ತರಿಸಿಕೊಂಡರು. ಹಾಸನದ ವಕೀಲೆಯೊಬ್ಬರು ಬಂಡಾಯ ಸಾಹಿತ್ಯ ಚಳವಳಿಯ ಕಾಲದಿಂದ ಕನ್ನಡದಲ್ಲಿ ಬರೆದ ಕತೆಗಳನ್ನು ದಾವಣಗೆರೆಯವರು ಇಂಗ್ಲಿಷಿನಲ್ಲಿ ಓದುವುದು ಯಾಕೆ? ಅಂಗಡಿಯಲ್ಲಿ ‘ಎದೆಯ ಹಣತೆ’ ಕೇಳಿ, ಅಥವಾ ‘ಹಸೀನಾ ಮತ್ತು ಇತರ ಕತೆಗಳು’.

‘ಎದೆಯ ಹಣತೆ’ ಕತೆಯನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ಒಬ್ಬಳನ್ನು ಗಂಡ ಕೈಬಿಟ್ಟಿದ್ದಾನೆ, ತವರಿನವರು ಮರ್ಯಾದೆ ಅಂತ ವಾಪಸ್ ಕಳಿಸುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ದೊಡ್ಡ ಮಗಳು. ಅಮ್ಮ ಪೂರ್ತಿ ಕೇಳಿದರು. ಆಮೇಲೆ ನಮ್ಮ ನೆಂಟರಲ್ಲಿ ಒಬ್ಬರ ಹೆಸರು ಹೇಳಿದರು. ನಾನು ಸಣ್ಣವಳಿದ್ದಾಗ, ಅವರು ಸ್ಟೋವ್ ಸಿಡಿದು ತೀರಿಕೊಂಡರು ಅಂತ ನನಗೆ ಹೇಳಿದ್ದರು. ಅಮ್ಮ ಹೆಸರು ಮಾತ್ರ ಹೇಳಿದರು, ಮುಂದೆ ಏನೂ ಹೇಳಲಿಲ್ಲ. ನಾವು ಲಿಂಗಾಯತರು, ಕತೆ ಮುಸ್ಲಿಂ ಮನೆಯದ್ದು. ಆ ಹೊತ್ತಿಗೆ ಅದು ನಮ್ಮಿಬ್ಬರ ನೆನಪಿಗೂ ಬರಲಿಲ್ಲ.

‘ಒಮ್ಮೆ ಹೆಣ್ಣಾಗು ಪ್ರಭುವೇ’ ಅನ್ನುವ ಕತೆ ಬಿಡಬೇಡಿ. ಒಬ್ಬ ಹೆಂಗಸು ದೇವರ ಜೊತೆ ನೇರವಾಗಿ ಮಾತಾಡುತ್ತಾಳೆ. ಬಾನು ಅವರ ಕೆಲವು ಕತೆಗಳ ಕೊನೆ ನನಗೆ ಸ್ವಲ್ಪ ಜೋರಾಯಿತು ಅನಿಸುತ್ತದೆ, ಒಂದು ಪ್ಯಾರಾ ಮೊದಲೇ ನಿಲ್ಲಿಸಬಹುದಿತ್ತು ಅನಿಸುತ್ತದೆ. ಆದರೆ ಅಡುಗೆಮನೆಯ ವಾಸನೆ, ಸೀರೆ ಸೆರಗು, ಮಕ್ಕಳ ಗಲಾಟೆ, ನಗು, ಇವೆಲ್ಲ ಒಂದೇ ವಾಕ್ಯದಲ್ಲಿ ನುಗ್ಗಿ ಬರುವ ಆ ರಭಸ ಬೇರೆ ಯಾರಲ್ಲೂ ನನಗೆ ಸಿಕ್ಕಿಲ್ಲ.

ಜಯಂತ ಕಾಯ್ಕಿಣಿಯವರ ಹಾಡು ಎಲ್ಲರಿಗೂ ಗೊತ್ತು, ಕತೆ ಓದಿದವರು ಕಡಿಮೆ. ‘ತೂಫಾನ್ ಮೇಲ್’, ‘ಅಮೃತಬಳ್ಳಿ ಕಷಾಯ’ ಎರಡೂ ಮನೆಯಲ್ಲಿ ಇರಬೇಕಾದ ಪುಸ್ತಕಗಳು. ಅವರ ಮುಂಬಯಿ ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದಾಗ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಒಂದು ಕತೆಯಲ್ಲಿ ಮದುವೆ ಆಗಲಿರುವ ಇಬ್ಬರು ಬಡ ಅನಾಥರು ಲಗ್ನಪತ್ರಿಕೆ ಅಚ್ಚು ಹಾಕಿಸಲು ಕೂತಿದ್ದಾರೆ. ಉಡುಗೊರೆ ಬೇಡ ಅಂತ ಹಾಕಿಸಬೇಕಾ? ಹೆಸರಿನ ಮುಂದೆ ಯಾವ ಅಡ್ಡಹೆಸರು? ಇಷ್ಟೇ ವಿಷಯ. ನಮ್ಮೂರ ಮದುವೆ ಕಾರ್ಡುಗಳ ಮೇಲೆ ‘ಆಶೀರ್ವಾದವೇ ಉಡುಗೊರೆ’ ಅಂತ ಎಷ್ಟು ಸಲ ನೋಡಿದ್ದೇವೆ. ಆ ಒಂದು ಸಾಲಿನ ಹಿಂದೆ ಇಷ್ಟು ಆಸೆ, ಇಷ್ಟು ನಾಚಿಕೆ ಇರಬಹುದು ಅಂತ ನಾನು ಯೋಚಿಸಿರಲಿಲ್ಲ. ದಿನಕ್ಕೆ ಒಂದು ಕತೆ ಓದಿ, ಜಾಸ್ತಿ ಬೇಡ.

ದಪ್ಪ ಕಾದಂಬರಿ ಬೇಕೇ ಬೇಕು ಅಂದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’, 2019ರದ್ದು. ತೇಜೋ ಲಿಸ್ಬನ್ನಿನ ನದಿ. ಇನ್ನೊಂದು ನಮ್ಮದು, ಹರಿಹರದ ಸೇತುವೆ ಮೇಲೆ ನಿಂತರೆ ಕಾಣುವುದು. ಪೋರ್ಚುಗೀಸರು ಹಡಗು ಹತ್ತಿ ಬಂದ ಕಾಲ, ಈ ಕಡೆ ವಿಜಯನಗರದ ಕಾಲ. ಗೇಬ್ರಿಯಲ್, ಬೆಲ್ಲಾ ಒಂದು ದಡದಲ್ಲಿ, ಹಂಪಮ್ಮ, ಕೇಶವ ಇನ್ನೊಂದು ದಡದಲ್ಲಿ. ತರಾಸು ಓದಿ ಬೆಳೆದ ನಿಮಗೆ ಇದು ಸರಾಗವಾಗಿ ಹೋಗುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ತರಾಸು ಅವರಲ್ಲಿ ಅರಮನೆ ನಡುವೆ ಇರುತ್ತದೆ. ಇಲ್ಲಿ ರಾಜರು ದೂರದಲ್ಲಿದ್ದಾರೆ, ಅವರ ತೀರ್ಮಾನಗಳ ಏಟು ತಿನ್ನುವ ಸಾಮಾನ್ಯರು ನಡುವೆ ಇದ್ದಾರೆ. ಕೆಲವು ಕಡೆ ಆ ಕಾಲದ ಆಚರಣೆಗಳ ವಿವರ ಜಾಸ್ತಿಯಾಗಿ ಕತೆ ನಿಂತಂತೆ ಅನಿಸಿತು ನನಗೆ. ಅವರದ್ದೇ ‘ಮೋಹನಸ್ವಾಮಿ’ ನನಗೆ ಇನ್ನೂ ಹತ್ತಿರದ ಪುಸ್ತಕ. ಗಂಡನ್ನು ಪ್ರೀತಿಸುವ ಗಂಡೊಬ್ಬನ ಕತೆಗಳು. ಸಣ್ಣ ಊರಿನಲ್ಲಿ ಯಾರಿಗೂ ಹೇಳಿಕೊಳ್ಳಲಾಗದ ಮಾತನ್ನು ಹೊತ್ತು ಬೆಳೆಯುವುದು ಹೇಗಿರುತ್ತದೆ ಅಂತ ಅದರಲ್ಲಿದೆ. ಓದುವಾಗ ನನ್ನ ಕ್ಲಾಸಿನ ಒಬ್ಬ ಹುಡುಗ ನೆನಪಾದ. ಎಲ್ಲರೂ ಅವನನ್ನು ರೇಗಿಸುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ನಮ್ಮೂರಲ್ಲಿ ಡಾಕ್ಟರ್ ಇಲ್ಲದ ನೆಂಟಸ್ತನ ಕಡಿಮೆ, ಅಂಥವರು ಯಾರಾದರೂ ಮನೆಯಲ್ಲಿದ್ದರೆ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕೊಡಿ. ಅವರೂ ಡಾಕ್ಟರ್, ಅಮೆರಿಕದಲ್ಲಿದ್ದಾರೆ. ವಲಸೆ ಬಂದ ಹೆಂಗಸರು ಸಿಸೇರಿಯನ್ ಬೇಡ ಅನ್ನುತ್ತಾರೆ, ಡಾಕ್ಟರುಗಳು ಏನು ಮಾಡಬೇಕು ಅನ್ನುವಲ್ಲಿ ಕತೆ ಕಟ್ಟಿಕೊಳ್ಳುತ್ತದೆ.

ಹೊಸ ಹುಡುಗರನ್ನೂ ಓದಿ. ಸ್ವಾಮಿ ಪೊನ್ನಾಚಿಯವರ ‘ಧೂಪದ ಮಕ್ಕಳು’, ದಾದಾಪೀರ್ ಜೈಮನ್ ಅವರ ‘ನೀಲಕುರಿಂಜಿ’, ಮಂಜುನಾಯಕ ಚಳ್ಳೂರರ ‘ಫೂ ಮತ್ತು ಇತರ ಕತೆಗಳು’. ಮೂರೂ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಕಥಾ ಸಂಕಲನಗಳು. ಮೂವರದ್ದೂ ಬೇರೆ ಬೇರೆ ಸೀಮೆಯ ಕನ್ನಡ. ಪೊನ್ನಾಚಿಯವರ ಮಲೆ ಮಹದೇಶ್ವರ ಬೆಟ್ಟದ ಕಡೆಯ ಮಾತು ನಮಗೆ ಮೊದಲು ತೊಡಕಾಗಬಹುದು. ಬಾಯಿಬಿಟ್ಟು ಓದಿ, ಎರಡು ಪುಟದಲ್ಲಿ ಸರಿಹೋಗುತ್ತದೆ. ಅಜ್ಜಿಗೆ ಓದಿ ಹೇಳಿದ ರೂಢಿ ನನಗೆ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು.

ಪುಸ್ತಕ ಸಿಗುವುದು ಕಷ್ಟ ಅಂತಲೂ ಬರೆದಿದ್ದೀರಿ. ಗ್ರಂಥಾಲಯಕ್ಕೆ ಹೋಗಿ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಅದು ನಮ್ಮದೇ. ಪುಸ್ತಕ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು ತರಿಸಲು ಕೇಳಿ. ಫೋನಿನಲ್ಲಿ ಓದುವ ರೂಢಿ ಇದ್ದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕಗಳೂ ಕೇಳುವ ಪುಸ್ತಕಗಳೂ ಸಿಗುತ್ತವೆ. ನನಗಂತೂ ಕಾಗದವೇ ಬೇಕು. ಅಂಚಿನಲ್ಲಿ ಪೆನ್ಸಿಲ್ ಗೆರೆ ಹಾಕದೆ ಓದಿದರೆ ಓದಿದ ಹಾಗೆ ಅನಿಸಲ್ಲ.

ಅರ್ಧಕ್ಕೆ ಬಿಟ್ಟ ಆ ಎರಡು ಪುಸ್ತಕಗಳನ್ನು ಈಗಲೇ ಎತ್ತಬೇಡಿ. ಈ ಭಾನುವಾರ ‘ಘಾಚರ್ ಘೋಚರ್’ ಹಿಡಿಯಿರಿ. ಬೆಳಗ್ಗೆ ಬೆಣ್ಣೆದೋಸೆ ಮುಗಿಸಿ ಕೂತರೆ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಹೊತ್ತಿಗೆ ಮುಗಿದಿರುತ್ತದೆ. ಒಂದು ವಾರ ಬಿಟ್ಟು ಮತ್ತೆ ಓದಿ. ಕೊನೆಯ ಪುಟದಲ್ಲಿ ಏನಾಯಿತು ಅಂತ ನನಗೆ ಒಂದು ಊಹೆ ಇದೆ, ನಮ್ಮ ಅಕ್ಕನಿಗೆ ಬೇರೆಯೇ ಊಹೆ ಇದೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ನೀವು ಓದಿದ ಮೇಲೆ ನಿಮ್ಮದು ಬರೆಯಿರಿ, ಆಮೇಲೆ ನಮ್ಮದು ಹೇಳುತ್ತೇನೆ.