ಕಡ ಕೊಟ್ಟ ಹುಡುಗ

ನಾನು ಆಪ್ತಸಲಹೆಗಾರ್ತಿ. ಈ ಎರಡು ವರ್ಷದಲ್ಲಿ ಇಂಥ ಮೂವರು ಹುಡುಗರು ನನ್ನ ಬಳಿ ಬಂದಿದ್ದಾರೆ. ಮೂವರೂ ಫುಟ್‌ಬಾಲ್ ಅಕಾಡೆಮಿಯಲ್ಲಿ ಬೆಳೆದವರು. ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಬರುವಾಗ ಎಲ್ಲರೂ ಹೇಳುವುದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಿದರೆ ಒಳಗಿರುವ ಪ್ರಶ್ನೆ ಹೊರಗೆ ಬರುತ್ತದೆ. ಕ್ಲಬ್ ನನ್ನನ್ನು ಆಡಿಸುತ್ತಾ? ಲೋನ್ ಮೇಲೆ, ಅಂದರೆ ಒಪ್ಪಂದ ಇಲ್ಲೇ ಇಟ್ಟುಕೊಂಡು ಸ್ವಲ್ಪ ಕಾಲ ಆಡಲು, ಬೇರೆ ಕ್ಲಬ್‌ಗೆ ಕಳಿಸುತ್ತಾ? ಮಾರಿಬಿಡುತ್ತಾ?

ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬನ ಬಗ್ಗೆ. ಅವನಿಗೆ ನಾನು ಕೊಟ್ಟ ಸಲಹೆ ಸರಿಯಿತ್ತಾ ಅಂತ ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ. ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.

ಮಾರುತಿ ಅಂತ ಕರೆಯೋಣ. ಬೆಳಗಾವಿ ಕಡೆಯವನು. ಅಪ್ಪ ಬಸ್ ಕಂಡಕ್ಟರ್, ಅಮ್ಮ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಹದಿಮೂರಕ್ಕೆ, ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಆಡುವ ಒಂದು ಕ್ಲಬ್‌ನ ಅಕಾಡೆಮಿ ಹಾಸ್ಟೆಲ್ ಸೇರಿದ. ಪಿಯುಸಿ ಹೇಗೋ ಮುಗಿಸಿದ. ಹದಿನೆಂಟಕ್ಕೆ ಅದೇ ಕ್ಲಬ್‌ನ ಮುಖ್ಯ ತಂಡಕ್ಕೆ ಸಹಿ ಹಾಕಿದ. ಊರಲ್ಲಿ ಬ್ಯಾನರ್ ಕಟ್ಟಿದರು.

ಮೊದಲ ಭೇಟಿಯಲ್ಲಿ ನಾನು ಸುಮ್ನೆ ಕೇಳಿದೆ, ‘ಹೋದ ಸೀಸನ್‌ನಲ್ಲಿ ಎಷ್ಟು ಆಡಿದೆಯಪ್ಪ?’

‘ಹನ್ನೊಂದು ನಿಮಿಷ ರೀ.’

‘ಒಂದೇ ಮ್ಯಾಚಲ್ಲಾ?’

‘ಇಲ್ರಿ, ಎರಡರಾಗ. ಒಮ್ಮಿ ನಾಕು, ಒಮ್ಮಿ ಏಳು. ಉಳಿದಿದ್ದೆಲ್ಲಾ ಬಿಬ್ ಹಾಕ್ಕೊಂಡು ಗೋಲಿನ ಹಿಂದ ಓಡಿದ್ದ ರೀ.’

ಬಿಬ್ ಅಂದರೆ ಬದಲಿ ಆಟಗಾರರು ವಾರ್ಮಪ್ ಮಾಡುವಾಗ ಜೆರ್ಸಿ ಮೇಲೆ ಹಾಕಿಕೊಳ್ಳುವ ತೆಳು ಬನಿಯನ್ನು. ಟೀವಿಯಲ್ಲಿ ಕಾರ್ನರ್ ಕಿಕ್ ತೋರಿಸುವಾಗ ಗೋಲಿನ ಹಿಂದೆ ಒಂದು ಕ್ಷಣ ಕಾಣುತ್ತದೆ. ಅವನ ಅಮ್ಮ ಆ ಒಂದು ಕ್ಷಣಕ್ಕಾಗಿ ಇಡೀ ಪಂದ್ಯ ನೋಡುತ್ತಿದ್ದರಂತೆ. ‘ಹಸರು ಬನೀನ ಹಾಕ್ಕೊಂಡಾನ, ಆರಾಮ ಅದಾನ’ ಅಂತ ಅಪ್ಪನಿಗೆ ಫೋನ್ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಮಾರುತಿ ನಕ್ಕ. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಅವನು ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ಇದು ಮುಖ್ಯ. 2021–22ರ ಸೀಸನ್‌ನಿಂದ ಐಎಸ್‌ಎಲ್‌ನಲ್ಲಿ ಒಂದು ಸಲಕ್ಕೆ ನಾಲ್ವರು ವಿದೇಶಿಯರು ಮಾತ್ರ ಮೈದಾನದಲ್ಲಿ ಇರಬಹುದು ಅನ್ನುವ ನಿಯಮ ಬಂತು. ಭಾರತದ ಹುಡುಗರಿಗೆ ಜಾಗ ಆಗಲಿ ಅಂತಲೇ ಮಾಡಿದ್ದು. ಆದರೆ ಆ ನಾಲ್ವರಲ್ಲಿ ಒಬ್ಬ ಹೆಚ್ಚುಕಡಿಮೆ ಎಲ್ಲ ತಂಡದಲ್ಲೂ ಸ್ಟ್ರೈಕರ್ ಆಗಿರುತ್ತಾನೆ. ಗೋಲು ಹೊಡೆಯುವವನನ್ನು ದುಡ್ಡು ಕೊಟ್ಟು ತರುತ್ತಾರೆ, ನಮ್ಮ ಹುಡುಗರು ಡಿಫೆನ್ಸಲ್ಲೋ ವಿಂಗಲ್ಲೋ ಆಡುತ್ತಾರೆ. 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದ ಸ್ಟ್ರೈಕರ್ ಸುನಿಲ್ ಚೆಟ್ರಿ 2025ರ ಮಾರ್ಚ್‌ನಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಮತ್ತೆ ಬರಬೇಕಾಯಿತು. ಬಂದು ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರ ಜಾಗಕ್ಕೆ ಬರಬೇಕಾದ ಹುಡುಗರು ಎಲ್ಲಿದ್ದರು? ಕೆಲವರಾದರೂ ಗೋಲಿನ ಹಿಂದೆ ಬಿಬ್ ಹಾಕಿಕೊಂಡು ಓಡುತ್ತಿದ್ದರು.

ಮಾರುತಿಯ ಮುಂದೆ ಮೂರು ದಾರಿ ಇದ್ದವು. ಕ್ಲಬ್ ಅವನನ್ನು ಒಂದು ಸೀಸನ್ ಮಟ್ಟಿಗೆ ಈಶಾನ್ಯದ ಒಂದು ಐ-ಲೀಗ್ (ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್) ತಂಡಕ್ಕೆ ಲೋನ್ ಮೇಲೆ ಕಳಿಸುತ್ತೇನೆ ಅಂದಿತ್ತು. ಏಜೆಂಟ್ ಇನ್ನೊಂದು ತಂಡ ಹುಡುಕಿದ್ದ. ಅಲ್ಲಿ ಸಂಬಳ ಜಾಸ್ತಿ, ಆದರೆ ಪೂರ್ತಿಯಾಗಿ ಮಾರಾಟ. ಮೂರನೆಯದು ಇಲ್ಲೇ ಇದ್ದು ಕಾಯುವುದು. ಅವನಿಗೆ ಬೇಕಿದ್ದದ್ದು ಮೂರನೆಯದು. ‘ಬಿಟ್ಟು ಹೋದ್ರ ಮರತು ಬಿಡ್ತಾರ್ರಿ’ ಅನ್ನುತ್ತಿದ್ದ. ಕಾಮೆಂಟ್‌ಗಳಲ್ಲಿ ಅಭಿಮಾನಿಗಳೂ ‘ನಮ್ಮ ಹುಡುಗನಿಗೆ ಚಾನ್ಸ್ ಕೊಡಿ’ ಅಂತ ಬರೆಯುತ್ತಿದ್ದರು. ಅದನ್ನು ಓದಿ ಓದಿ ಅವನ ಆಸೆ ಇನ್ನೂ ಗಟ್ಟಿಯಾಗಿತ್ತು.

ಈ ‘ಚಾನ್ಸ್’ ಅನ್ನುವ ಮಾತಿನ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯ ಇದೆ. ಮೂರು ಗೋಲು ಹಿಂದಿರುವಾಗ ಕೊನೆಯ ನಾಲ್ಕು ನಿಮಿಷಕ್ಕೆ ಹುಡುಗನನ್ನು ಇಳಿಸುವುದು ಚಾನ್ಸ್ ಅಲ್ಲ. ಆ ನಾಲ್ಕು ನಿಮಿಷದಲ್ಲಿ ಮಾರುತಿ ಚೆಂಡು ಮುಟ್ಟಿದ್ದು ಎರಡು ಸಲ. ಒಂದು ಸಲ ಕಳೆದುಕೊಂಡ. ಆ ಒಂದು ಕ್ಷಣದ ವಿಡಿಯೊ ಅವನ ಫೋನಿನಲ್ಲಿತ್ತು, ದಿನಾ ನೋಡುತ್ತಿದ್ದ. ತಪ್ಪು ಮಾಡಿದವನನ್ನು ಮುಂದಿನ ವಾರವೂ ಆಡಿಸಿದರೆ ಅದು ಚಾನ್ಸ್. ಅಂಥದ್ದು ಆಗಿದೆ ಕೂಡ. 2022–23ರಲ್ಲಿ ಬೆಂಗಳೂರು ಎಫ್‌ಸಿಯಲ್ಲಿ ಚೆಟ್ರಿ ಬೆಂಚಲ್ಲಿ ಕೂತು, ರಿಸರ್ವ್ ತಂಡದಿಂದ ಬಂದ ಶಿವಶಕ್ತಿ ನಾರಾಯಣನ್ ಮೊದಲಿನಿಂದ ಆಡಿದ ಪಂದ್ಯಗಳಿವೆ. ಆ ವರ್ಷದ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಅವರಿಗೇ ಬಂತು. ಆದರೆ ಅದಕ್ಕೆ ಕೋಚ್ ಧೈರ್ಯ ಮಾಡಬೇಕು. ಹುಡುಗ ಎಷ್ಟೇ ಬೆವರು ಸುರಿಸಿದರೂ ಕೋಚ್‌ನ ಧೈರ್ಯ ಅವನ ಕೈಯಲ್ಲಿ ಇರುವುದಿಲ್ಲ.

ಹೋಗಲು ಒಪ್ಪಿಸಬೇಕು ಅಂತ ಎಲ್ಲರೂ ಅವನಿಗೆ ಹ್ಯಾರಿ ಕೇನ್ ಕಥೆ ಹೇಳಿದ್ದರು. ಟಾಟನ್‌ಹ್ಯಾಮ್ ಅವನನ್ನು ನಾಲ್ಕು ಕಡೆ ಲೋನ್ ಕಳಿಸಿತ್ತು, ಆಮೇಲೆ ಅವನು ಇಂಗ್ಲೆಂಡ್ ನಾಯಕನೇ ಆದ ಅಂತ. ಈ ಕಥೆಯನ್ನು ಅರ್ಧ ಹೇಳಿದರೆ ಹುಡುಗರಿಗೆ ಮೋಸ ಮಾಡಿದ ಹಾಗೆ. ಮಿಲ್ವಾಲ್‌ನಲ್ಲಿ ಕೇನ್‌ಗೆ ಒಳ್ಳೆಯದಾಯಿತು ನಿಜ. ನಾರ್ವಿಚ್‌ಗೆ ಹೋದಾಗ ಪಾದದ ಮೂಳೆ ಮುರಿಯಿತು. ಲೆಸ್ಟರ್‌ನಲ್ಲಿ ಎಷ್ಟೋ ಸಲ ಬೆಂಚಲ್ಲೇ ಕೂತ. ಅಂದರೆ ಅವನಂಥವನಿಗೂ ಎಲ್ಲ ಲೋನ್ ಕೂಡಿಬರಲಿಲ್ಲ. ಇದನ್ನು ಹೇಳಿದಾಗ ಮಾರುತಿ ಮೊದಲ ಸಲ ಮುಂದಕ್ಕೆ ಬಾಗಿ ಕೂತ. ‘ಬೆಂಚ್ ಮ್ಯಾಗ ಕುಂತಿದ್ನ ರೀ, ಕೇನ್?’ ಅಂತ ಎರಡು ಸಲ ಕೇಳಿದ.

ಮಾರಾಟ ಅಂದರೆ ಅವನಿಗೆ ಅವಮಾನ. ಅದಕ್ಕೆ ಬೆಲ್ಜಿಯಂನ ದೊಡ್ಡ ಆಟಗಾರ ಕೆವಿನ್ ಡಿ ಬ್ರೂಯ್ನ ಬಗ್ಗೆ ಹೇಳಿದೆ. ಚೆಲ್ಸಿ ಅವನನ್ನು ವೆರ್ಡರ್ ಬ್ರೆಮೆನ್‌ಗೆ ಲೋನ್ ಕಳಿಸಿತು. ವಾಪಸ್ ಬಂದಾಗ ಸರಿಯಾಗಿ ಆಡಿಸಲಿಲ್ಲ. 2014ರ ಜನವರಿಯಲ್ಲಿ ವೋಲ್ಫ್ಸ್‌ಬರ್ಗ್‌ಗೆ ಮಾರಿತು. ಮರುವರ್ಷವೇ ಮ್ಯಾಂಚೆಸ್ಟರ್ ಸಿಟಿ ಕೊಂಡುಕೊಂಡಿತು. ನಮ್ಮಲ್ಲೇ ಭಾರತ ತಂಡದ ಡಿಫೆಂಡರ್ ಸಂದೇಶ್ ಜಿಂಗನ್ ಕೇರಳ ಬ್ಲಾಸ್ಟರ್ಸ್‌ನಲ್ಲಿದ್ದಾಗ ಸ್ಪೋರ್ಟಿಂಗ್ ಗೋವಾ, ಡಿಎಸ್‌ಕೆ ಶಿವಾಜಿಯನ್ಸ್, ಬೆಂಗಳೂರು ಎಫ್‌ಸಿ ಅಂತ ಲೋನ್ ಮೇಲೆ ಐ-ಲೀಗ್ ಆಡಿದವರು. ಆದರೂ ದೊಡ್ಡವರ ಕಥೆಯಿಂದ ಎಷ್ಟು ಕೆಲಸ ಆಗುತ್ತೆ ಹೇಳಿ. ಮಾರುತಿ ತಲೆ ಆಡಿಸುತ್ತಿದ್ದ, ಅಷ್ಟೇ.

ನಾಲ್ಕನೇ ಭೇಟಿಗೆ ಅವನ ತಾಯಿಯೂ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಕೈಚೀಲ ತೊಡೆಯ ಮೇಲೆ. ಅರ್ಧ ಗಂಟೆ ಏನೂ ಮಾತಾಡಲಿಲ್ಲ. ನಾನು ಮಾರುತಿಗೆ ಲೋನ್ ಅಂದರೆ ತಿರಸ್ಕಾರ ಅಲ್ಲ, ಆಟ ಸಿಗುವ ದಾರಿ, ಹೋಗಿ ಬಾ ಅಂತ ಹೇಳುತ್ತಿದ್ದೆ. ಆಗ ಅವರು, ‘ಅಕ್ಕಾರ, ನಾ ಒಂದು ಮಾತು ಕೇಳ್ಲ್ಯಾ?’ ಅಂದರು.

‘ಕೇಳಿಯಮ್ಮ.’

‘ಈ ಲೋನ್ ಅಂದ್ರ ಕಡ ಕೊಟ್ಟಂಗ ಹೌದಲ್ರಿ?’

ಹೌದು ಅಂದೆ. ಅವರ ಕಡೆ ‘ಕಡ’ ಅಂದರೆ ಅಕ್ಕಪಕ್ಕದ ಮನೆಯವರು ಕೊಟ್ಟು ತೆಗೆದುಕೊಳ್ಳುವ ಎರವಲು.

‘ನಮ್ಮ ಓಣ್ಯಾಗ ಸಕ್ರಿ ಕಡ ಕೇಳ್ಕೊಂಡು ಬರ್ತಾರ್ರಿ. ವಾಪಸ್ ಬೇಕಂದ್ರ ಬಟ್ಟಲದಾಗ ಅಳದು ಕೊಡ್ತೀವಿ. ಬ್ಯಾಡಂದ್ರ ಹಂಗ ಡಬ್ಬಿಗೆ ಕೈ ಹಾಕಿ ಕೊಟ್ಟು ಕಳಸ್ತೀವಿ. ನಮ್ಮ ಮಾರುತೀನ ಅವ್ರು ಅಳದು ಕೊಡಾಕತ್ತಾರೋ, ಹಂಗ ಕೊಟ್ಟು ಕಳಸಾಕತ್ತಾರೋ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾರುತಿ ಅಮ್ಮನ ಕಡೆ ತಿರುಗಿ ನೋಡಿದ. ಮೂರು ವಾರ ನಾನು ಅವನ ಮನಸ್ಸಿನ ಜೊತೆ ಕೆಲಸ ಮಾಡಿದ್ದೆ. ಕ್ಲಬ್‌ನ ಮನಸ್ಸಲ್ಲಿ ಏನಿದೆ ಅಂತ ಕೇಳುವುದು ನನಗೆ ಹೊಳೆದೇ ಇರಲಿಲ್ಲ.

ಒಪ್ಪಂದದ ಪ್ರತಿ ಇದೆಯಾ ಅಂತ ಕೇಳಿದೆ. ಫೋನಿನಲ್ಲಿ ಪಿಡಿಎಫ್ ಇತ್ತು. ಸಹಿ ಹಾಕಿದ ಮೇಲೆ ಅದನ್ನು ಅವನು ತೆರೆದೇ ಇರಲಿಲ್ಲ. ಮೂವರೂ ಸೇರಿ ಓದಿದೆವು. ಕ್ಲಬ್ ಜೊತೆಗಿನ ಒಪ್ಪಂದ ಮುಗಿಯುವುದು ಮುಂದಿನ ಮೇ 31ಕ್ಕೆ. ಲೋನ್ ಪತ್ರದ ಕರಡು ನೋಡಿದೆವು. ಅದೂ ಮೇ 31. ಅದೇ ವರ್ಷ. ಅಂದರೆ ಅವನು ಲೋನ್ ಮುಗಿಸಿ ವಾಪಸ್ ಬರಲು ಅಲ್ಲಿ ಒಪ್ಪಂದವೇ ಉಳಿದಿರುವುದಿಲ್ಲ.

‘ಅಳದಿಲ್ಲ ಬಿಡ್ರಿ’ ಅಂದರು ತಾಯಿ, ಮೆಲ್ಲಗೆ.

ನಾನು ಕೊಟ್ಟ ಸಲಹೆ ಇದು: ಈಗಲೇ ಯಾವುದಕ್ಕೂ ಸಹಿ ಹಾಕಬೇಡ. ‘ಲೋನ್‌ಗೆ ಹೋಗಲು ಸಿದ್ಧ, ಆದರೆ ಹೋಗುವ ಮೊದಲು ಒಪ್ಪಂದ ಒಂದು ವರ್ಷ ಮುಂದುವರಿಸಿ’ ಅಂತ ಕ್ಲಬ್‌ಗೆ ಬರವಣಿಗೆಯಲ್ಲಿ ಕೇಳು. ಏಜೆಂಟ್ ಮೂಲಕ ಬೇಡ, ನೀನೇ ಕೇಳು. ಜಗಳ ಮಾಡಬೇಡ, ಬೇಡಿಕೊಳ್ಳಲೂ ಬೇಡ. ಹೌದು ಅಂದರೆ ಲೋನ್‌ಗೆ ಹೋಗು. ಇಲ್ಲ ಅಂದರೆ ಅದೂ ಒಂದು ಉತ್ತರ. ಆಗ ಲೋನ್ ಬಿಟ್ಟು, ನಿನ್ನನ್ನು ಆಡಿಸುವ ಕಡೆ ಪೂರ್ತಿಯಾಗಿ ಹೋಗು.

ಅವನು ಬರೆದ. ಒಂಬತ್ತು ದಿನ ಕಾದ. ಉತ್ತರ ಮೂರು ಸಾಲಿನಲ್ಲಿ ಬಂತು, ಮರ್ಯಾದೆಯಾಗಿಯೇ ಇತ್ತು. ಸದ್ಯಕ್ಕೆ ಮುಂದುವರಿಸುವ ಯೋಚನೆ ಇಲ್ಲ.

ಆ ಸಂಜೆ ಅವನು ಫೋನ್ ಮಾಡಿ ಅತ್ತ. ಆರು ವರ್ಷ ಅವನು ಆ ಕ್ಲಬ್ ಬಿಟ್ಟು ಬೇರೆ ಮನೆ ಕಂಡಿರಲಿಲ್ಲ. ನಾನು ಸಮಾಧಾನದ ಮಾತು ಹೇಳಲಿಲ್ಲ, ಅಳಲು ಬಿಟ್ಟೆ. ಊಟ ಮಾಡಿದೆಯಾ ಅಂತ ಕೇಳಿದೆ. ರಾತ್ರಿ ರೂಮಲ್ಲಿ ಒಬ್ಬನೇ ಇರಬೇಡ, ಗೆಳೆಯನ ಜೊತೆ ಮಲಗು ಅಂದೆ. ಎರಡು ವಾರ ದಿನ ಬಿಟ್ಟು ದಿನ ಮಾತಾಡಿದೆವು.

ಇದನ್ನು ಕೇಳಿದ ನನ್ನ ವೃತ್ತಿಯ ಹಿರಿಯರೊಬ್ಬರು ಬೇಸರಪಟ್ಟರು. ಆಪ್ತಸಲಹೆಗಾರರು ಒಪ್ಪಂದದ ಪತ್ರ ಓದಬಾರದು, ದಾರಿ ತೋರಿಸಬಾರದು, ಅವನೇ ಕಂಡುಕೊಳ್ಳುವ ಹಾಗೆ ಮಾಡಬೇಕು ಅಂದರು. ಹುಡುಗನ ಕೈಯಿಂದಲೇ ಅವನ ಕನಸು ಒಡೆಸಿದಿರಿ ಅಂತಲೂ ಅಂದರು. ಅವರ ಮಾತು ನನಗೆ ನೋವು ಕೊಟ್ಟಿತು. ಆದರೆ ಒಪ್ಪಲಾರೆ. ಹುಡುಗನ ಮುಂದಿನ ವರ್ಷ ಒಂದು ತಾರೀಕಿನ ಮೇಲೆ ನಿಂತಿರುವಾಗ, ಆ ತಾರೀಕು ನೋಡದೆ ಅವನ ಆತಂಕದ ಬಗ್ಗೆ ಮಾತ್ರ ಮಾತಾಡುವುದು ನನ್ನ ಕೈಲಾಗದು. ಅವನ ಆತಂಕಕ್ಕೆ ಕಾರಣ ಇತ್ತು. ಅದು ಕಲ್ಪನೆ ಆಗಿರಲಿಲ್ಲ. ಹತ್ತೊಂಬತ್ತರಲ್ಲಿ ‘ಇಲ್ಲ’ ಅಂತ ಕೇಳಿಸಿಕೊಂಡರೆ ಇನ್ನೊಂದು ಮನೆ ಕಟ್ಟಲು ಸಮಯ ಇರುತ್ತದೆ. ಇಪ್ಪತ್ತೆರಡರವರೆಗೆ ‘ನೋಡೋಣ, ನೋಡೋಣ’ ಅಂತ ಕೇಳಿಸಿಕೊಂಡವರನ್ನೂ ನಾನು ಕಂಡಿದ್ದೇನೆ. ಮೂವರಲ್ಲಿ ಒಬ್ಬ ಹಾಗೆಯೇ ಕಾದ. ಅವನಿಗೆ ಈಗ ಬೂಟು ನೋಡಿದರೂ ಆಗುವುದಿಲ್ಲ.

ನಾನು ಕ್ಲಬ್‌ಗಳನ್ನು ದೂರುತ್ತಿಲ್ಲ. ಎಲ್ಲ ಹುಡುಗರನ್ನೂ ಇಟ್ಟುಕೊಳ್ಳಲು ಯಾವ ಕ್ಲಬ್‌ಗೂ ಆಗದು. ಕೇಳುವುದು ಇಷ್ಟೇ. ಬೇಡವಾದರೆ ಬೇಡ ಅನ್ನಿ, ಬೀಳ್ಕೊಡುಗೆಗೆ ಲೋನ್ ಅಂತ ಹೆಸರಿಡಬೇಡಿ. ನಿಯಮವೂ ಹುಡುಗರನ್ನು ಇದರಿಂದ ಪೂರ್ತಿ ಕಾಯುವುದಿಲ್ಲ. ಫಿಫಾ 2022ರ ಜುಲೈನಿಂದ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿತು. ಒಂದು ಲೋನ್ ಒಂದು ವರ್ಷಕ್ಕಿಂತ ಜಾಸ್ತಿ ಇರಬಾರದು, ಒಂದು ಕ್ಲಬ್ ಇಷ್ಟೇ ಜನರನ್ನು ಕಳಿಸಬಹುದು ಅಂತ. ಆದರೆ 21 ವರ್ಷದವರೆಗಿನ, ಕ್ಲಬ್‌ನಲ್ಲೇ ತರಬೇತಿ ಪಡೆದ ಆಟಗಾರರು ಆ ಲೆಕ್ಕಕ್ಕೆ ಬರುವುದಿಲ್ಲ. ಅವರು ಆಡಿ ಬೆಳೆಯಲಿ ಅನ್ನುವ ಒಳ್ಳೆಯ ಉದ್ದೇಶ ಅದಕ್ಕಿದೆ. ಆದರೆ ಅಂಥವರನ್ನು ಎಷ್ಟು ಜನರನ್ನು ಕಳಿಸಿದರೂ ಎಣಿಸುವವರಿಲ್ಲ.

ಅದಕ್ಕೆ ಅಪ್ಪ ಅಮ್ಮಂದಿರೇ ಎಣಿಸಬೇಕು. ಲೋನ್ ಮುಗಿದ ಮೇಲೆ ಒಪ್ಪಂದ ಎಷ್ಟು ತಿಂಗಳು ಉಳಿದಿರುತ್ತದೆ ಅಂತ ಮೊದಲು ನೋಡಿ. ಕರೆಸಿಕೊಳ್ಳುವ ತಂಡದ ಕೋಚ್ ನಿಮ್ಮ ಮಗನ ಆಟ ನೋಡಿ ಕೇಳಿದ್ದಾರಾ, ಇಲ್ಲ ಆಫೀಸಿನವರು ಜಾಗ ಹುಡುಕಿದ್ದಾರಾ ಅಂತ ಕೇಳಿ. ಅವನ ಜಾಗದಲ್ಲಿ ಆಡುವವರು ಅಲ್ಲಿ ಆಗಲೇ ಎಷ್ಟು ಮಂದಿ ಇದ್ದಾರೆ? ಮಾರುತಿಗೆ ಏಜೆಂಟ್ ತಂದಿದ್ದ ತಂಡದಲ್ಲಿ ಮೂವರು ಸ್ಟ್ರೈಕರ್ ಇದ್ದರು, ಸಂಬಳದ ಆಸೆಗೆ ಅಲ್ಲಿಗೆ ಹೋಗಿದ್ದರೆ ಮತ್ತೆ ಬಿಬ್ಬೇ. ಮೊಣಕಾಲಿಗೆ ಪೆಟ್ಟಾದರೆ ಆಪರೇಷನ್ ಖರ್ಚು ಯಾರದು, ಅದನ್ನು ಬರೆಸಿಕೊಳ್ಳಿ. ಮೂಲ ಕ್ಲಬ್‌ನಲ್ಲಿ ಅವನ ಆಟ ನೋಡಿ ತಿಂಗಳಿಗೊಮ್ಮೆಯಾದರೂ ಫೋನ್ ಮಾಡುವವರು ಯಾರು ಅಂತ ಒಬ್ಬರ ಹೆಸರು ಕೇಳಿ. ಹೆಸರು ಹೇಳಲು ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಮತ್ತೆ ಓದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಬಿ.ಎ. ಮಾಡಬಹುದು. ಮಾರುತಿ ಈ ಒಂದು ಸಲಹೆಯನ್ನು ಮಾತ್ರ ಇನ್ನೂ ಕೇಳಿಲ್ಲ.

ಅವನು ಕೊನೆಗೆ ಈಶಾನ್ಯದ ಅದೇ ತಂಡಕ್ಕೆ ಹೋದ, ಲೋನ್ ಮೇಲೆ ಅಲ್ಲ, ಎರಡು ವರ್ಷದ ಒಪ್ಪಂದಕ್ಕೆ. ಹಳೆಯ ಕ್ಲಬ್ ಹಣ ಕೇಳದೆ ಬಿಟ್ಟುಕೊಟ್ಟಿತು. ಅಲ್ಲಿ ಊಟ ಒಗ್ಗಲಿಲ್ಲ, ಭಾಷೆ ಬರಲಿಲ್ಲ, ಮೊದಲ ಎರಡು ತಿಂಗಳು ಗೋಲೂ ಬರಲಿಲ್ಲ. ಅವನ ತಾಯಿ ಪಾರ್ಸೆಲ್‌ನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಾರೆ.

ಪ್ರತಿ ಪಂದ್ಯದ ನಂತರ ನನಗೊಂದು ಸಂದೇಶ ಬರುತ್ತದೆ. ನಾನು ಕೇಳಿದ್ದಲ್ಲ, ಅವನೇ ಶುರು ಮಾಡಿದ್ದು. ಬರೀ ನಿಮಿಷದ ಲೆಕ್ಕ. 58. 71. 64. ಒಂದು ವಾರ 12, ಅವತ್ತು ನಾನೇ ಫೋನ್ ಮಾಡಿದೆ. ಕಳೆದ ಭಾನುವಾರದ್ದು ಸ್ವಲ್ಪ ಉದ್ದ ಇತ್ತು: ‘90 ರೀ ಮೇಡಂ. ಗೋಲ್ ಇಲ್ಲ. ಥಂಡಿ ಭಾಳ ಐತಿ. ಅವ್ವಗ ಹೇಳಬ್ಯಾಡ್ರಿ, ಸ್ವೆಟರ್ ಕಳಸ್ತಾಳ.’