ಹಟ ಇರಲಿ, ಲೆಕ್ಕದ ವಹಿಯೂ ಇರಲಿ

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಉದ್ರಿ ವಸೂಲಿಗಿಂತ ನೆಟ್‌ವರ್ಕ್ ಮಾರ್ಕೆಟಿಂಗ್ ಪ್ರಶ್ನೆಗಳೇ ಜಾಸ್ತಿ. ಅಂದರೆ ಪರಿಚಯದವರಿಗೆ ಮಾಲು ಮಾರಿ, ಅವರನ್ನೂ ಮಾರಲು ಸೇರಿಸಿಕೊಂಡು ಕಮಿಷನ್ ಪಡೆಯುವ ಧಂದೆ; ಡೈರೆಕ್ಟ್ ಸೆಲ್ಲಿಂಗ್ ಅಂತಲೂ ಅನ್ನುತ್ತಾರೆ. ಬೆಳಗಾವಿಯಿಂದ ಬಂದಿವೆ, ವಿಜಯಪುರದಿಂದ ಬಂದಿವೆ, ನಮ್ಮ ಬಾಗಲಕೋಟೆ ಜಿಲ್ಲೆಯದಂತೂ ಕೇಳಲೇಬೇಡಿ. ನಾನು ಆ ಧಂದೆಯವಳಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಗಂಟು ಕಟ್ಟಿಕೊಂಡು ಮನೆ ಮನೆ ತಿರುಗಿ, ಆಮೇಲೆ ಅಂಗಡಿ ಹಾಕಿದವಳು. ಆದರೆ ಇನ್ನೊಬ್ಬರ ಪಡಸಾಲೆಯಲ್ಲಿ ಕೂತು ಮಾಲು ತೋರಿಸುವ ಕಷ್ಟ ಎರಡರಲ್ಲೂ ಒಂದೇ ಅಲ್ವಾ? ಆ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾರೆ, ಎರಡು ವರ್ಷದ ಹಿಂದೆ ಒಂದು ಡೈರೆಕ್ಟ್ ಸೆಲ್ಲಿಂಗ್ ಕಂಪನಿ ಸೇರಿದೆ. ಪ್ರೋಟೀನ್ ಪುಡಿ, ಸೋಪು, ಟೂತ್‌ಪೇಸ್ಟ್, ನೆಲ ಒರೆಸುವ ಲಿಕ್ವಿಡ್ ಮಾರುತ್ತೇವೆ. ಮೊದಲು ನೂರು ಜನರ ಹೆಸರು ಬರೆಯಿರಿ ಅಂದರು, ಬರೆದೆ. ಈಗ ಅವರಲ್ಲಿ ಅರ್ಧ ಜನ ನನ್ನ ಫೋನ್ ಎತ್ತುವುದಿಲ್ಲ. ಕಮಿಷನ್ ಕಡಿಮೆ ಬಂದಾಗಲೆಲ್ಲ ನನ್ನನ್ನು ಸೇರಿಸಿಕೊಂಡ ಅಪ್‌ಲೈನ್ ಮೇಡಂ ‘ನಿಮ್ಮ ಮೈಂಡ್‌ಸೆಟ್ ಸರಿ ಇಲ್ಲ, ನೆಗೆಟಿವ್ ಜನರಿಂದ ದೂರ ಇರಿ’ ಅನ್ನುತ್ತಾರೆ. ನೆಗೆಟಿವ್ ಜನ ಅಂದರೆ ನಮ್ಮ ಅತ್ತೆ ಮತ್ತು ನಮ್ಮ ಮನೆಯವರು! ಕಂಪನಿಯಲ್ಲಿ ನನ್ನ ಲೆವೆಲ್ ಇಳಿಯಬಾರದು ಅಂತ ತಿಂಗಳಾ ತಿಂಗಳಾ ನಾನೇ ಮಾಲು ತಗೊಂಡು ಕಪಾಟು ತುಂಬಿದೆ. ಗೆದ್ದವರೆಲ್ಲ ಬಿಡದೆ ಹಿಡಿದವರು ಅಂತ ಸೆಮಿನಾರ್‌ನಲ್ಲಿ ಹೇಳುತ್ತಾರೆ. ಬಿಡಲಾ, ಹಿಡಿಯಲಾ?
— ಹೆಸರು ಬೇಡ, ನವನಗರ, ಬಾಗಲಕೋಟೆ

ಉತ್ತರ: ತಂಗಿ, ಮೊದಲು ಕಪಾಟಿನ ಬಾಗಿಲು ತೆಗೆಯಿರಿ. ಒಳಗಿರುವ ಮಾಲನ್ನೆಲ್ಲ ಹೊರಗೆ ಹಾಕಿ, ಒಂದೊಂದರ ಮೇಲಿನ ತಾರೀಖು ನೋಡಿ ಬರೆದಿಡಿ. ಆಮೇಲೆ ಒಂದು ವಹಿ ತಗೊಂಡು ಹಿಂದಿನ ಆರು ತಿಂಗಳ ಮಾರಾಟವನ್ನು ಮೂರು ಪಾಲು ಮಾಡಿ. ನೀವೇ ಕೊಂಡದ್ದು ಒಂದು ಕಡೆ. ನಿಮ್ಮ ಕೆಳಗೆ ಸೇರಿದವರು ಕಂಪನಿಯಲ್ಲಿ ಅವರ ಐಡಿ, ಅಂದರೆ ಸದಸ್ಯತ್ವ, ಉಳಿಸಿಕೊಳ್ಳಲು ಕೊಂಡದ್ದು ಇನ್ನೊಂದು ಕಡೆ. ಈ ಪ್ಲಾನು, ಲೆವೆಲ್ಲು ಯಾವುದೂ ಗೊತ್ತಿಲ್ಲದೆ, ಸಾಮಾನು ಬೇಕು ಅಂತ ಕೊಂಡ ಹೊರಗಿನವರದು ಮೂರನೇ ಕಡೆ. ಆ ಮೂರನೇ ಪಾಲಿನಲ್ಲಿ ಎರಡನೇ ಸಲ ಕೇಳಿ ತಗೊಂಡವರ ಹೆಸರಿಗೆ ಕೆಂಪು ಗೆರೆ ಹಾಕಿ. ನಿಮ್ಮ ಧಂದೆ ಅಂದರೆ ಆ ಕೆಂಪು ಗೆರೆಯ ಹೆಸರುಗಳು. ಉಳಿದದ್ದು ನಿಮ್ಮ ಮನೆಯ ರೊಕ್ಕ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ, ನಡುವೆ ಸ್ವಲ್ಪ ಮೇಲಿನವರಿಗೆ ಉದುರಿದ್ದು.

ಜನರನ್ನು ಸೇರಿಸುತ್ತಾ ಹೋದರೆ ಸಾಕು ಅನ್ನುವ ಲೆಕ್ಕ ಎಲ್ಲಿ ಮುಗ್ಗರಿಸುತ್ತದೆ ಅಂತ ಹೇಳುತ್ತೇನೆ. ನೀವು ಐದು ಜನರನ್ನು ಸೇರಿಸಿದಿರಿ ಅನ್ನಿ. ಆ ಐದೂ ಜನ ಐದೈದು ಸೇರಿಸಿದರೆ 25. ಆಮೇಲೆ 125, 625, 3,125. ಬೋರ್ಡಿನ ಮೇಲೆ ಬರೆದಾಗ ಚೆಂದವೇ ಕಾಣುತ್ತದೆ, ಸಾಮಾನ್ಯವಾಗಿ ಪೆನ್ನು ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸದೆ ಬರೆಯುತ್ತಾ ಹೋಗಿ. ಒಂಬತ್ತನೇ ಸಾಲಿಗೆ ಬಂದಾಗ ಆ ಒಂದು ಸಾಲಿಗೇ 19,53,125 ಜನ ಬೇಕು. 2011ರ ಜನಗಣತಿಯಲ್ಲಿ ನಮ್ಮ ಇಡೀ ಬಾಗಲಕೋಟೆ ಜಿಲ್ಲೆಯ ಜನ, ತೊಟ್ಟಿಲಲ್ಲಿದ್ದ ಕೂಸುಗಳೂ ಸೇರಿ, ಸುಮಾರು 18.9 ಲಕ್ಷ. ಹಾಗಿದ್ದಮೇಲೆ ಕೆಳಗಿನ ಸಾಲಿನವನು ಎಷ್ಟೇ ಗಟ್ಟಿ ಮನಸ್ಸಿನವನಾದರೂ ಯಾರನ್ನು ಸೇರಿಸಬೇಕು? ಅವನು ಸೋತಾಗ ಅವನ ಮನಸ್ಸನ್ನು ದೂರುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಂತ ಡೈರೆಕ್ಟ್ ಸೆಲ್ಲಿಂಗ್ ಎಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಕಾನೂನು ಅದಕ್ಕೆ ಜಾಗ ಕೊಟ್ಟಿದೆ. 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ ಇದಕ್ಕೆಂದೇ ನಿಯಮ ತಂದಿತು. ಸಾಮಾನು ಮಾರಿ ಕಮಿಷನ್ ಪಡೆಯುವುದು ಸರಿ, ಬರೀ ಜನರನ್ನು ಸೇರಿಸಿದ್ದಕ್ಕೆ ರೊಕ್ಕ ಹಂಚುವ ಪಿರಮಿಡ್ ಸ್ಕೀಮ್ ಮಾಡುವಂತಿಲ್ಲ ಅಂತ ಅದರಲ್ಲಿದೆ. ಅದಕ್ಕೂ ಮೊದಲು 2016ರ ಮಾರ್ಗಸೂಚಿಯಲ್ಲೇ ಇನ್ನೊಂದು ಮಾತಿತ್ತು: ಒಬ್ಬರು ಸರಿಯಾದ ಅವಧಿಯಲ್ಲಿ ಮಾರಬಹುದಾದಷ್ಟಕ್ಕಿಂತ ಜಾಸ್ತಿ ಮಾಲು ಕೊಳ್ಳಿ ಅಂತ ಕಂಪನಿ ಒತ್ತಾಯ ಮಾಡಬಾರದು. ನಿಮ್ಮ ಕಪಾಟಿನ ಕಥೆಯೇ ಅದು. ನಿಮ್ಮ ಒಪ್ಪಂದದ ಕಾಗದ ಹುಡುಕಿ ತೆಗೆಯಿರಿ. ಸೀಲ್ ಒಡೆಯದ, ತಾರೀಖು ಮುಗಿಯದ ಮಾಲು ವಾಪಸ್ ತಗೊಳ್ಳುವ ಬಗ್ಗೆ ಅಲ್ಲಿ ಏನು ಬರೆದಿದೆ ಓದಿ. ಓದಿ ಸುಮ್ನೆ ಕೂರಬೇಡಿ, ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ಅಂಥ ಅಧಿಕಾರಿ ಇರಲೇಬೇಕು. ಅಪ್‌ಲೈನ್ ಮೇಡಂಗೆ ಬಾಯಲ್ಲಿ ಹೇಳಿದ್ದು ದೂರು ಆಗುವುದಿಲ್ಲ.

ಇನ್ನು ನಿಮ್ಮ ಅತ್ತೆಯ ವಿಷಯ. ನಮ್ಮ ಅತ್ತೆಯೂ ಹಾಗೇ ಇದ್ದರು. ನಾನು ಸಂಜೆ ಬಂದು ಗಂಟು ಇಳಿಸಿದರೆ ನೀರು ಕೊಡುವ ಮೊದಲು ಸೀರೆ ಎಣಿಸುತ್ತಿದ್ದರು. ಎಷ್ಟು ಹೋದವು, ರೊಕ್ಕ ಎಷ್ಟು ಬಂತು, ಉದ್ರಿ ಎಷ್ಟು ನಿಂತಿತು? ಮೈಯೆಲ್ಲ ಉರಿಯುತ್ತಿತ್ತು ಬಿಡಿ. ಆದರೆ ಯಾವ ಊರಿನ ಯಾವ ಓಣಿಯಲ್ಲಿ ಯಾರು ಎಷ್ಟು ಬಾಕಿ ಅನ್ನುವುದು ಆ ಓದು ಬಾರದ ಹೆಣ್ಣುಮಗಳಿಗೆ ಬಾಯಿಪಾಠ ಇತ್ತು. ಅವರಿಲ್ಲದಿದ್ದರೆ ನನ್ನ ಬಂಡವಾಳ ಹಳ್ಳಿ ಹಳ್ಳಿಯಲ್ಲಿ ಕರಗಿಹೋಗುತ್ತಿತ್ತು. ನಿಮ್ಮ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡೇ ಆ ಮೂರು ಪಾಲಿನ ಲೆಕ್ಕ ಮಾಡಿ. ದೂರ ಇರಬೇಕಾದವರು ಅವರಲ್ಲ.

ಬಿಡಲಾ ಹಿಡಿಯಲಾ ಅಂದಿರಲ್ಲ, ಈ ತಿಂಗಳು ಲೆವೆಲ್ ಇಳಿಯಲಿ ಬಿಡಿ. ಒಂದು ರೂಪಾಯಿಯ ಮಾಲೂ ಸ್ವಂತಕ್ಕೆ ಅಂತ ಕೊಳ್ಳಬೇಡಿ. ಕೆಂಪು ಗೆರೆಯ ಗಿರಾಕಿಗಳಿಗೆ ಬೇಕಾದದ್ದನ್ನು ಮಾತ್ರ ತರಿಸಿ. ನನ್ನ ಅಂದಾಜು, ಅದು ನೆಲ ಒರೆಸುವ ಲಿಕ್ವಿಡ್ಡು, ಟೂತ್‌ಪೇಸ್ಟು ಇರುತ್ತದೆ, ದುಬಾರಿ ಪುಡಿ ಇರಲಿಕ್ಕಿಲ್ಲ. ಆರು ತಿಂಗಳು ಹೀಗೆ ಮಾಡಿ ನೋಡಿ. ಬಸ್ ಚಾರ್ಜು, ಫೋನ್ ರೀಚಾರ್ಜು, ಸೆಮಿನಾರ್ ಟಿಕೆಟ್ಟು ಎಲ್ಲ ಕಳೆದು ಕೈಯಲ್ಲಿ ಏನಾದರೂ ಉಳಿದರೆ ಮುಂದುವರಿಸಿ. ಉಳಿಯದಿದ್ದರೆ ಬಿಟ್ಟುಬಿಡಿ, ಯಾರಿಗೂ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ. ಮಾರಲು ಕಲಿತಿದ್ದೀರಿ. ಅದೇ ಗಿರಾಕಿಗಳಿಗೆ ರೊಟ್ಟಿ, ಶೇಂಗಾ ಚಟ್ನಿ ಮಾರಿದರೂ ಅದು ವ್ಯಾಪಾರವೇ.

ಪ್ರಶ್ನೆ: ಅಕ್ಕಾರೆ, ನನಗೆ ನಾಚಿಕೆ ಜಾಸ್ತಿ. ಯಾರಾದರೂ ‘ಬೇಡ’ ಅಂದರೆ ಎರಡು ದಿನ ಊಟ ಸೇರುವುದಿಲ್ಲ. ಮುಂಜಾನೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಅಂತ ಹತ್ತು ಸಲ ಹೇಳು ಅಂದರು. ಹೇಳಿದೆ. ಮಗ ನಕ್ಕ, ಅಷ್ಟೇ.
— ಬೈಲಹೊಂಗಲದ ಓದುಗ

ಉತ್ತರ: ಅಣ್ಣಾರೆ, ಮಗ ನಕ್ಕಿದ್ದು ಒಳ್ಳೆಯದೇ ಆಯಿತು, ಮನೆಯಲ್ಲಿ ಒಂದು ನಗುವಾದರೂ ಬಂತು. ಕನ್ನಡಿಯಿಂದ ಲುಕ್ಸಾನು ಏನಿಲ್ಲ. ಆದರೆ ಕನ್ನಡಿಯಲ್ಲಿ ಕಾಣುವುದು ನಿಮ್ಮ ಮುಖ, ರೊಕ್ಕ ಕೊಡುವವರು ಎದುರಿಗಿರುವವರು. ಅವರ ಕೈ ನೋಡಿ.

ಸೀರೆ ಬಿಚ್ಚಿ ಹಾಸಿದಾಗ ನಾನು ಬಾಯಿಂದ ಬರುವ ಮಾತನ್ನು ಅಷ್ಟಾಗಿ ನಂಬುವುದಿಲ್ಲ. ‘ಬೇಡ್ರಿ, ಭಾಳ ಅದಾವು’ ಅನ್ನುತ್ತಲೇ ಹೆಣ್ಣುಮಗಳ ಕೈ ದಡಿಯ ಮೇಲೆ ಹೋಗುತ್ತದೆ. ಸೆರಗು ಹಿಂದೆಮುಂದೆ ಮಾಡಿ, ಸೆರಗಿನ ನೂಲು ಮೈನೂಲಿಗೆ ಕೂಡಿದ ಕಡೆ, ನಮ್ಮಲ್ಲಿ ಕೊಂಡಿ ಅನ್ನುತ್ತೇವಲ್ಲ, ಅಲ್ಲಿ ಬೆರಳಾಡಿಸುತ್ತಾಳೆ. ಅವಳಿಗೆ ಸೀರೆ ಬೇಕು, ರೊಕ್ಕ ಇಲ್ಲ. ಇನ್ನೊಬ್ಬಳು ‘ಚೆಂದ ಅದ’ ಅಂತ ಹತ್ತು ಸಲ ಅನ್ನುತ್ತಾಳೆ, ಕೈ ಮಾತ್ರ ತನ್ನ ಮಡಿಲಲ್ಲೇ ಇರುತ್ತದೆ. ಅವಳು ಕೊಳ್ಳುವುದಿಲ್ಲ. ಮೂರನೆಯವಳು ಬೆಲೆ ಕೇಳಿ ಒಳಗಿನ ಕೋಣೆ ಕಡೆ ನೋಡುತ್ತಾಳೆ. ಅವಳ ಮನೆಗೆ ಗಂಡನೋ ಅತ್ತೆಯೋ ಇರುವಾಗ ಹೋಗಬೇಕು. ಮೂವರೂ ಬಾಯಲ್ಲಿ ಹೇಳಿದ್ದು ‘ಬೇಡ’ ಅಂತಲೇ.

ಮೊದಲಿನವಳಿಗೆ ಯಾವಾಗ ಹೋಗಬೇಕು ಅನ್ನುವುದೇ ನಮ್ಮ ಕೆಲಸ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಬಿಲ್ ಬಂದಾಗ ಹೋಗಬೇಕು. (ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಕೊಡಬೇಕು ಅಂತ ಕಾನೂನಿದೆ. ಕಾನೂನು ನಂಬಿ ಗಂಟು ಹೊತ್ತು ಹೋದರೆ ಖಾಲಿ ಕೈಯಲ್ಲಿ ಬರುತ್ತೀರಿ, ಮೊದಲು ಊರಲ್ಲಿ ವಿಚಾರಿಸಿ.) ಬಿಳಿಜೋಳದ ಸೀಮೆಯಲ್ಲಿ ರಾಶಿ ಮುಗಿದ ಮೇಲೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಮೊದಲು ಎಲ್ಲ ಕಡೆ. ನೀವು ಏನು ಮಾರುತ್ತೀರೋ ಬರೆದಿಲ್ಲ. ಸೋಪಾದರೂ ಸರಿ, ರೊಕ್ಕ ಕೈಗೆ ಬರುವ ದಿನ ಪ್ರತಿ ಮನೆಗೂ ಬೇರೆ. ನೌಕರಿಯವರಿಗೆ ಒಂದನೇ ತಾರೀಖು, ಕೂಲಿಯವರಿಗೆ ಸಂತೆಯ ದಿನ.

ವಹಿಯಲ್ಲಿ ಹೆಸರಿನ ಮುಂದೆ ಅವರು ಏನಂದರು, ಮತ್ತೆ ಯಾವಾಗ ಬಾ ಅಂದರು ಅಂತ ಬರೆದುಕೊಳ್ಳಿ. ಬಾ ಅಂದ ದಿನ ತಪ್ಪದೆ ಹೋಗಿ. ಬೇರೆ ದಿನ ಅವರ ಕಣ್ಣಿಗೂ ಬೀಳಬೇಡಿ. ಡೈರೆಕ್ಟ್ ಸೆಲ್ಲಿಂಗ್‌ನವರಾದರೆ ಹೇಗೂ ಮೇಲೆ ಹೇಳಿದ 2021ರ ನಿಯಮದ ಪ್ರಕಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ. ನಿಮ್ಮಂಥ ನಾಚಿಕೆಯವರಿಗೆ ಆ ನಿಯಮ ಅನುಕೂಲವೇ. ಕರೆದವರ ಮನೆಗಷ್ಟೇ ಹೋಗುತ್ತೀರಲ್ಲ. ಎರಡನೇ ಸಲವೂ ಖಡಾಖಂಡಿತ ಬೇಡ ಅಂದವರ ಹೆಸರು ಹೊಡೆದುಹಾಕಿ. ಆಮೇಲೆ ಆ ಮನೆಗೆ ಹೋದರೆ ಚಹಾ ಕುಡಿಯಲು ಹೋಗಿ, ಚೀಲ ಬಿಟ್ಟು ಹೋಗಿ. ಬೀಗರ ಮನೆಯಾದರಂತೂ ಇದು ಮೊದಲ ಸಲಕ್ಕೇ ಲಾಗೂ.

ಊಟ ಸೇರದಿರುವುದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ಹೆಸರು ಹೊಡೆದುಹಾಕುವಾಗ ಪೆನ್ನು ಗಟ್ಟಿಯಾಗಿ ಒತ್ತಿ ಎಳೆಯುತ್ತಿದ್ದೆ, ಅದರಿಂದ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಪ್ರಶ್ನೆ: ನಮ್ಮ ಪುಡಿ ತಗೊಂಡರೆ ಶುಗರ್ ಪೂರ್ತಿ ಹೋಗುತ್ತದೆ ಅಂತ ವಾಟ್ಸ್ಯಾಪ್ ಸ್ಟೇಟಸ್ ಹಾಕಿ, ಸೇಲ್ ಏರುತ್ತದೆ ಅನ್ನುತ್ತಾರೆ. ಹಾಕಲಾ?
— ಗೃಹಿಣಿ, ಜಮಖಂಡಿ

ಉತ್ತರ: ಹಾಕಬೇಡಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ತಡೆದಿದೆ, ಬಾಯಿಂದ ಸಾರಿದರೂ ಅದು ಜಾಹೀರಾತೇ. ಕೇಸು ಬಿದ್ದರೆ ನಿಮ್ಮ ನಂಬರಿನ ಮೇಲೆ ಬೀಳುತ್ತದೆ, ಸ್ಟೇಟಸ್ ಕಳಿಸಿಕೊಟ್ಟವರು ನಿಮ್ಮ ಪಕ್ಕ ಬಂದು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡದು, ನಿಮ್ಮ ಓಣಿಯ ಯಾವುದೋ ಅಜ್ಜಿ ಈ ಮಾತು ನಂಬಿ ಡಾಕ್ಟರ್ ಕೊಟ್ಟ ಗುಳಿಗೆ ಬಿಟ್ಟರೆ? ಈಗಾಗಲೇ ಯಾರಿಗಾದರೂ ಹೇಳಿದ್ದರೆ ಇವತ್ತೇ ಅವರ ಮನೆಗೆ ಹೋಗಿ, ಗುಳಿಗೆ ನಿಲ್ಲಿಸಬೇಡಿ ಅಂತ ಹೇಳಿ ಬನ್ನಿ.

ಪ್ರಶ್ನೆ: ಅಕ್ಕಾರೆ, ಬಿ.ಕಾಂ ಕೊನೆಯ ವರ್ಷ. ಹೋಟೆಲ್ ಮೀಟಿಂಗ್‌ನಲ್ಲಿ ಒಬ್ಬ ಲೀಡರ್ ತಮ್ಮ ಕಾರು ತೋರಿಸಿ, ಡಿಗ್ರಿ ಇಲ್ಲದೆ ತಿಂಗಳಿಗೆ ಲಕ್ಷ ದುಡಿಯುತ್ತೇನೆ ಅಂದರು. ಸೇರಲು 15 ಸಾವಿರ ಕಟ್ಟಬೇಕಂತೆ. ಕಾಲೇಜು ಬಿಟ್ಟು ಫುಲ್ ಟೈಮ್ ಮಾಡಿದರೆ ನಾನೂ ಗೆಲ್ಲಬಹುದು ಅನಿಸುತ್ತಿದೆ.
— ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಸೇರಲು 15 ಸಾವಿರ ಅಂದಲ್ಲೇ ನಿನ್ನ ಪ್ರಶ್ನೆ ಮುಗಿಯಿತು. ಡೈರೆಕ್ಟ್ ಸೆಲ್ಲಿಂಗ್ ಕಂಪನಿ ಸೇರುವವರಿಂದ ಪ್ರವೇಶ ಶುಲ್ಕ, ನೋಂದಣಿ ಶುಲ್ಕ ವಸೂಲಿ ಮಾಡುವಂತಿಲ್ಲ. ಸೇರಿದವರ ರೊಕ್ಕವನ್ನೇ ಮೇಲಿನವರಿಗೆ ಹಂಚುವ ಸ್ಕೀಮಿಗೆ 1978ರಿಂದಲೇ ನಿಷೇಧದ ಕಾಯ್ದೆ ಇದೆ. ‘ಫೀ ಅಲ್ಲ, ಕಿಟ್ಟಿನ ಬೆಲೆ’ ಅಂತ ಹೇಳಬಹುದು. ಹಾಗಾದರೆ ಕಿಟ್ಟಿನೊಳಗಿನ ಒಂದೊಂದು ಸಾಮಾನೂ ನಿಮ್ಮ ಊರಿನ ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ ಬಾ.

ಕಾರಿನ ಮಾತಿಗೆ ಬರೋಣ. ಕಾರು ಸಾಲದ್ದೋ ಬಾಡಿಗೆಯದ್ದೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅಷ್ಟು ದೊಡ್ಡ ಕಮಿಷನ್ ಕೊಡುವ ಕಂಪನಿ ಟಿಡಿಎಸ್, ಅಂದರೆ ರೊಕ್ಕ ಕೊಡುವಾಗಲೇ ಕಳೆದುಕೊಳ್ಳುವ ಆದಾಯ ತೆರಿಗೆ, ಹಿಡಿಯಲೇಬೇಕು, ಅದರ ಕಾಗದ ಕೊಡಲೇಬೇಕು. ಬಿ.ಕಾಂ ಓದುವ ಹುಡುಗ ನೀನು, ಇದು ನಾನು ಹೇಳಬೇಕಾ? ಮುಂದಿನ ಮೀಟಿಂಗ್‌ನಲ್ಲಿ ಕೈ ಎತ್ತಿ, ಹೋದ ವರ್ಷದ ಟಿಡಿಎಸ್ ಸರ್ಟಿಫಿಕೇಟ್ ತೋರಿಸಿ ಸರ್ ಅಂತ ಮರ್ಯಾದೆಯಿಂದಲೇ ಕೇಳು. ತೋರಿಸಿದರೆ ಸಾಮಾನು ಮಾರಿದ್ದರಿಂದ ಬಂದದ್ದೆಷ್ಟು ಅಂತ ಮುಂದಿನ ಪ್ರಶ್ನೆ ಕೇಳು. ನಿನ್ನನ್ನೇ ನೆಗೆಟಿವ್ ಅಂದರೆ ಚಹಾ ಕುಡಿದು ಎದ್ದು ಬಾ.

ಮಾರುವ ಆಸೆ ಇರುವುದು ನಿಜವಾದರೆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಗೆಳೆಯರು ಸೇರಿ ಒಂದು ಸಣ್ಣ ಅಂಗಡಿ ಹಾಕಿ, ನಾಲ್ಕು ದಿನ ಬಿಸಿಲಲ್ಲಿ ನಿಂತು ಕೂಗು. ಮಾರಾಟ ನಿನಗೆ ಹಿಡಿಸುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ, ಕಾಲೇಜೂ ತಪ್ಪುವುದಿಲ್ಲ. 15 ಸಾವಿರ ಈಗಾಗಲೇ ಕಟ್ಟಿದ್ದರೆ ಮಾತ್ರ ತಡ ಮಾಡಬೇಡ. ಫೋನ್‌ಪೇ ರಸೀದಿ, ಮೆಸೇಜುಗಳು ಯಾವುದನ್ನೂ ಅಳಿಸದೆ ಇಟ್ಟುಕೊಂಡು, ಕೊಟ್ಟಿದ್ದನ್ನು ವಾಪಸ್ ಕೊಡಿ ಅಂತ ಕಂಪನಿಗೆ ಬರವಣಿಗೆಯಲ್ಲಿ ಕೇಳು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಅಪ್ಪನಿಗೂ ಹೇಳು, ಬೈದರೆ ಬೈಯಲಿ.