ಕಾಡು ಮಾಂಸ: ಚೆನ್ನಾಗಿ ಬೇಯಿಸಿದರೆ ಸಾಕಾ?

ಹಿಂದಿನ ಸಂಚಿಕೆಯಲ್ಲಿ ಇಲಿಜ್ವರದ ಬಗ್ಗೆ ಬರೆಯುವಾಗ ಕಾಡುಹಂದಿ ಕೊಯ್ಯುವವರ ಮಾತು ಒಂದು ಸಾಲಿನಲ್ಲಿ ಬಂದಿತ್ತು. ಅದೊಂದು ಸಾಲಿಗೆ ಇಷ್ಟೊಂದು ಪತ್ರ ಬಂದಿವೆ. ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಶಿಕಾರಿ ಆದರೆ ಮನೆಮನೆಗೆ ಪಾಲು ಬರುತ್ತದೆ. ಚೆನ್ನಾಗಿ ಬೇಯಿಸಿದರೆ ಯಾವ ರೋಗವೂ ಇಲ್ಲ, ನಾವು ತಿಂದು ಬದುಕಿಲ್ವಾ ಅಂತಾರೆ ದೊಡ್ಡಪ್ಪ. ಅತ್ತಿಗೆ ನರ್ಸ್, ಬೇಡವೇ ಬೇಡ ಅಂತಾರೆ. ಯಾರ ಮಾತು ಸರಿ ಡಾಕ್ಟ್ರೇ? (ಕೊಪ್ಪ ತಾಲ್ಲೂಕು)

ಅತ್ತಿಗೆ ಮಾತು ಕೇಳಿ. ದೊಡ್ಡಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಬೆಂಕಿ ಹುಳುವನ್ನೂ ಕೊಲ್ಲುತ್ತದೆ, ವೈರಸ್ಸನ್ನೂ ಕೊಲ್ಲುತ್ತದೆ. ಆದರೆ ಮಾಂಸ ಒಲೆಗೆ ಬರುವ ಹೊತ್ತಿಗೆ ಅಪಾಯದ ಮುಕ್ಕಾಲು ದಾರಿ ಮುಗಿದಿರುತ್ತದೆ. ಹಂದಿ ಕೊಯ್ಯುವ ಜಾಗ ನೆನಪು ಮಾಡಿಕೊಳ್ಳಿ. ರಾತ್ರಿ ಹೊತ್ತು, ಬ್ಯಾಟರಿ ಬೆಳಕು, ಕೆಳಗೆ ಬಾಳೆಲೆ, ಬರಿಗೈ. ಅವಸರಕ್ಕೆ ಕರುಳು ಒಡೆಯುತ್ತದೆ, ಮೂತ್ರದ ಚೀಲಕ್ಕೆ ಕತ್ತಿ ತಾಗುತ್ತದೆ. ಅಡಿಕೆ ಸುಲಿದು ಬೆರಳ ತುದಿ ಮೊದಲೇ ಸೀಳಿರುತ್ತದೆ, ಅದರ ಮೇಲೆ ರಕ್ತ, ಮಧ್ಯೆ ಅದೇ ಕೈಯಲ್ಲಿ ಬೀಡಿ. ಇಲಿಜ್ವರದ ಬ್ಯಾಕ್ಟೀರಿಯಾ ಇರುವುದು ಪ್ರಾಣಿಯ ಮೂತ್ರಪಿಂಡದಲ್ಲಿ, ಹೊರಗೆ ಬರುವುದು ಮೂತ್ರದಲ್ಲಿ, ನಮ್ಮೊಳಗೆ ಬರುವುದು ಇಂಥ ಸೀಳಿನಿಂದ ಇಲ್ಲವೇ ಕಣ್ಣು ಬಾಯಿಯಿಂದ. ಬ್ರುಸೆಲ್ಲಾ ಅಂತ ಇನ್ನೊಂದಿದೆ, ಅದೂ ಕಾಡುಹಂದಿಯಿಂದ ಹೀಗೇ ಬರಬಹುದು. ವಾರಗಟ್ಟಲೆ ಬಂದು ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲುನೋವು. ಟೈಫಾಯ್ಡ್ ಇರಬೇಕು, ಟಿ.ಬಿ. ಇರಬೇಕು ಅಂತ ಸುತ್ತಾಡಿಸುವ ಕಾಯಿಲೆ ಅದು. ಇವೆರಡೂ ಬರುವುದಕ್ಕೆ ನೀವು ಒಂದು ತುಂಡೂ ತಿನ್ನಬೇಕಾಗಿಲ್ಲ.

ಇದು ಮನೆಯ ಹೆಂಗಸರಿಗೂ ಅನ್ವಯಿಸುತ್ತದೆ. ಪಾಲು ತಂದು ಕೊಟ್ಟವರು ಹೋಗಿ ಮಲಗುತ್ತಾರೆ, ತೊಳೆದು ಹೆಚ್ಚುವವರು ಅಡುಗೆಮನೆಯಲ್ಲಿರುವವರು. ಅದೇ ಮಣೆ ಮೇಲೆ ಸೌತೆಕಾಯಿ ಹೆಚ್ಚಿದರೆ ಸಾರು ಎಷ್ಟು ಕುದಿಸಿದರೂ ಏನು ಪ್ರಯೋಜನ?

ಜಗತ್ತಿನ ದೊಡ್ಡ ದೊಡ್ಡ ಕಾಯಿಲೆಗಳ ದಾರಿಯೂ ಇದೇ. ಆಫ್ರಿಕಾದ ಗ್ಯಾಬೊನ್ ದೇಶದಲ್ಲಿ 1996ರಲ್ಲಿ ಕಾಡಿನಲ್ಲಿ ಸತ್ತು ಬಿದ್ದಿದ್ದ ಒಂದು ಚಿಂಪಾಂಜಿಯನ್ನು ಹಳ್ಳಿಯವರು ತಂದು ಕೊಯ್ದರು. ಕೊಯ್ಯಲು ಕೈ ಹಾಕಿದವರಿಗೇ ಮೊದಲು ಎಬೋಲಾ ಬಂತು, ಆಮೇಲೆ ಅವರ ಮನೆಯವರಿಗೆ. ಎಚ್‌ಐವಿ ಕೂಡ ಚಿಂಪಾಂಜಿಗಳ ವೈರಸ್ಸಿನಿಂದಲೇ ಬಂದದ್ದು, ಬೇಟೆಯಾಡಿ ಕೊಯ್ಯುವಾಗ ರಕ್ತದ ಮೂಲಕ ಮನುಷ್ಯರಿಗೆ ದಾಟಿರಬೇಕು ಎನ್ನುವುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ. ನಮ್ಮ ಕಾಡಿನಲ್ಲಿ ಚಿಂಪಾಂಜಿ ಇಲ್ಲ, ನಿಜ. ಕತ್ತಿ, ರಕ್ತ, ಗಾಯದ ಕೈ ಇವೆ ಅಲ್ವಾ?

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ, ಆ ಮಾಂಸ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. 'ಹಂದಿಗೆ ಕೇಸಿಲ್ಲ' ಅಂತ ಹಲವರು ಬರೆದಿದ್ದೀರಿ. ಕಾಡುಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಗದ್ದೆ ತೋಟ ಹಾಳಾಗುವ ಸಂಕಟ ನನಗೆ ಗೊತ್ತಿಲ್ಲದ್ದಲ್ಲ, ಒಂದೇ ರಾತ್ರಿಯಲ್ಲಿ ಗದ್ದೆ ಉತ್ತ ಹಾಗೆ ಮಾಡಿಟ್ಟಿರುತ್ತವೆ. ಅದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿ, ಬಿಡಬೇಡಿ.

ಪ್ರಶ್ನೆ: ಕೆಂಡದ ಮೇಲೆ ಸುಟ್ಟು ತಿನ್ನುವುದು, ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿ ಇಡುವುದು, ಇದರಲ್ಲಿ ಹುಳ ಸಾಯುತ್ತದಾ? ಫ್ರೀಜರ್‌ನಲ್ಲಿಟ್ಟರೆ? (ಯಲ್ಲಾಪುರ)

ನೀವು ಕೇಳುತ್ತಿರುವ ಹುಳದ ಹೆಸರು ಟ್ರೈಕಿನೆಲ್ಲಾ. ಹಂದಿ, ಅದರಲ್ಲೂ ಸಿಕ್ಕಿದ್ದೆಲ್ಲ ತಿಂದು ಬದುಕುವ ಕಾಡುಹಂದಿಯ ಸ್ನಾಯುವಿನೊಳಗೆ ಇದರ ಮರಿಗಳು ಸುರುಳಿ ಸುತ್ತಿಕೊಂಡು, ಸುತ್ತ ಒಂದು ಪೊರೆ ಕಟ್ಟಿಕೊಂಡು ಕೂತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಮಾಂಸ ನೋಡುವುದಕ್ಕೆ ತಾಜಾ ಕೆಂಪಾಗೇ ಇರುತ್ತದೆ. ತಿಂದ ಮೊದಲ ದಿನಗಳಲ್ಲಿ ಭೇದಿ, ಹೊಟ್ಟೆನೋವು. ಕೆಲವು ವಾರ ಬಿಟ್ಟು ಜ್ವರ, ಮುಟ್ಟಿದರೆ ಸಾಕು ನೋಯುವ ಮೈ, ಬೆಳಗ್ಗೆ ಎದ್ದರೆ ಕಣ್ಣ ಸುತ್ತ ಊತ. ಹುಳ ಜಾಸ್ತಿ ಇದ್ದರೆ ಹೃದಯಕ್ಕೂ ಹೋಗುತ್ತದೆ.

ಉಪ್ಪು, ಹೊಗೆ, ಬಿಸಿಲು ಯಾವುದನ್ನೂ ನಂಬಬೇಡಿ. ಸಾಕಿದ ಹಂದಿಯಲ್ಲಿ ಸಿಗುವ ಜಾತಿ ತುಂಬಾ ತಂಪಿನಲ್ಲಿ ವಾರಗಟ್ಟಲೆ ಇಟ್ಟರೆ ಸಾಯುತ್ತದೆ, ಆದರೆ ಕಾಡುಪ್ರಾಣಿಗಳಲ್ಲಿರುವ ಕೆಲವು ಜಾತಿಗಳು ಫ್ರೀಜರ್‌ಗೂ ಜಗ್ಗುವುದಿಲ್ಲ. ಸಾಯಿಸುವುದು ಬಿಸಿ ಒಂದೇ, ತುಂಡಿನ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುಕ್ಕರ್‌ನಲ್ಲಿ ಅದು ಸುಲಭ. ಕೆಂಡದಲ್ಲಿ ಹೊರಗೆ ಕರಕಲಾಗುತ್ತದೆ, ಒಳಗೆ ಮೂಳೆ ಹತ್ತಿರ ಇನ್ನೂ ಕೆಂಪು ರಸ ಇರುತ್ತದೆ. ಬಾಡು ಬೇಯುವ ಮೊದಲೇ ಈಲಿ (ಲಿವರ್) ತೆಗೆದು ಕೆಂಡಕ್ಕೆ ಹಾಕಿ ಅರೆಬೆಂದಾಗಲೇ ತಿನ್ನುವ ಅಭ್ಯಾಸ ಇನ್ನೂ ಕೆಟ್ಟದ್ದು. ಹೆಪಟೈಟಿಸ್-ಇ ಅನ್ನುವ ಕಾಮಾಲೆ ವೈರಸ್ ಇರುವುದು ಈಲಿಯಲ್ಲೇ. ಜಪಾನಿನಲ್ಲಿ 2003ರಲ್ಲಿ ಹಸಿ ಜಿಂಕೆ ಮಾಂಸ ತಿಂದವರಿಗೆ ಈ ಕಾಮಾಲೆ ಬಂತು, ಫ್ರೀಜರ್‌ನಲ್ಲಿ ಉಳಿದಿದ್ದ ಅದೇ ಮಾಂಸ ಪರೀಕ್ಷಿಸಿದಾಗ ವೈರಸ್ ಸಿಕ್ಕಿತು, ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಪ್ರಶ್ನೆ: ನಮ್ಮಲ್ಲಿ ಕೋವಿಯಲ್ಲಿ ಹೊಡೆದದ್ದು. ತಿನ್ನುವಾಗ ಚರೆ ಸಿಕ್ಕಿದರೆ ತೆಗೆದು ತಟ್ಟೆ ಬದಿಗೆ ಇಡುತ್ತೇವೆ. ಸೊಸೆಗೆ ಈಗ ನಾಲ್ಕು ತಿಂಗಳು, ಅವಳಿಗೆ ಕೊಡಬಹುದಾ? (ಕೊಡಗು)

ಅಮ್ಮಾ, ಕೊಡಬೇಡಿ. ಮೊಮ್ಮಕ್ಕಳಿದ್ದರೆ ಅವರಿಗೂ ಬೇಡ.

ಹುಳ, ವೈರಸ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಸೀಸದ ಬಗ್ಗೆ ಕೇಳುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಚರೆ, ಗುಂಡು ಹೆಚ್ಚಾಗಿ ಸೀಸದ್ದೇ. ಸೀಸ ಮೆತ್ತಗಿನ ಲೋಹ, ಮೂಳೆಗೆ ಬಡಿದಾಗ ಚೂರುಚೂರಾಗುತ್ತದೆ. ನಿಮ್ಮ ಹಲ್ಲಿಗೆ ಸಿಗುವುದು ಇಡೀ ಚರೆ. ಧೂಳಿನಷ್ಟು ಸಣ್ಣ ಚೂರು ಹಲ್ಲಿಗೂ ಸಿಗಲ್ಲ, ಕಣ್ಣಿಗೂ ಕಾಣಲ್ಲ, ಗಾಯದಿಂದ ಒಂದು ಗೇಣು ಆಚೆಗೂ ಹರಡಿರುತ್ತದೆ. ಗಾಯದ ಸುತ್ತ ಎರಡು ಬೆರಳು ಕೊಯ್ದು ಬಿಸಾಡಿದರೆ ಆಯಿತು ಅಂದುಕೊಳ್ಳುವ ಹಾಗಿಲ್ಲ. ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ ಬೇಟೆಗಾರರು ಬಡವರಿಗೆಂದು ಕೊಟ್ಟ ಜಿಂಕೆ ಮಾಂಸದ ಖೀಮಾವನ್ನು 2008ರಲ್ಲಿ ಎಕ್ಸ್‌ರೇಯಲ್ಲಿ ನೋಡಿದಾಗ ಬಿಳಿ ಚುಕ್ಕಿ ಚುಕ್ಕಿಯಾಗಿ ಸೀಸ ಕಂಡಿತು, ಹಂಚುವುದನ್ನು ನಿಲ್ಲಿಸಿ ಮಾಂಸ ಎಸೆಯಬೇಕಾಯಿತು. ಬೇಟೆ ಮಾಂಸ ಜಾಸ್ತಿ ತಿನ್ನುವವರ ಹೊಟ್ಟೆಯ ಎಕ್ಸ್‌ರೇಯಲ್ಲಿ, ಅಪೆಂಡಿಕ್ಸ್‌ನೊಳಗೆ, ನುಂಗಿದ ಚರೆಗಳು ಸಾಲಾಗಿ ಕೂತಿರುವುದನ್ನೂ ವೈದ್ಯರು ನೋಡಿದ್ದಾರೆ.

ಸೀಸ ಬೆಂಕಿಗೆ ಸಾಯುವಂಥದ್ದಲ್ಲ. ಇಲ್ಲಿ 'ಚೆನ್ನಾಗಿ ಬೇಯಿಸಿ' ಅನ್ನುವ ಮಾತಿಗೆ ಅರ್ಥವೇ ಇಲ್ಲ, ಎಷ್ಟು ಬೇಯಿಸಿದರೂ ಅಷ್ಟೇ ಇರುತ್ತದೆ. ಹುಳಿ ಹಾಕಿದರಂತೂ ಇನ್ನೂ ಕಷ್ಟ. ಸ್ಪೇನ್‌ನಲ್ಲಿ ಚರೆ ಇದ್ದ ಹಕ್ಕಿ ಮಾಂಸವನ್ನು ವಿನೆಗರ್ ಹಾಕಿ ಬೇಯಿಸಿ ನೋಡಿದ್ದಾರೆ, ಹುಳಿಗೆ ಸೀಸ ಕರಗಿ ಮಾಂಸಕ್ಕೆ ಇಳಿಯುವುದು ಹೆಚ್ಚಾಯಿತು. ನಿಮ್ಮ ಪಂದಿ ಕರಿಗೆ ಬೀಳುವ ಕಾಚಂಪುಳಿಯೂ ಗಟ್ಟಿ ಹುಳಿಯೇ. ಸಾಕಿದ ಹಂದಿಗೆ ಹಾಕಿ, ಅದರಷ್ಟು ರುಚಿ ಇನ್ನೊಂದಿಲ್ಲ, ನಾನೂ ಇಷ್ಟಪಟ್ಟು ತಿನ್ನುತ್ತೇನೆ. ಕೋವಿಯಲ್ಲಿ ಹೊಡೆದದ್ದಕ್ಕೆ ಬೇಡ.

ಬಸುರಿಗೆ ಯಾಕೆ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ ಅಂದರೆ, ಸೀಸ ತಾಯಿಯ ರಕ್ತದಿಂದ ಮಗುವಿಗೆ ಹೋಗುತ್ತದೆ, ಬೆಳೆಯುವ ಮೆದುಳನ್ನು ಹಾಳು ಮಾಡುತ್ತದೆ. ಇಷ್ಟು ಸೀಸ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಟೆ ಕಾನೂನುಬದ್ಧವಾಗಿರುವ ಜರ್ಮನಿಯಲ್ಲೇ ಬಸುರಿಯರು, ಬಸುರಿಯಾಗಬೇಕೆಂದಿರುವವರು, ಚಿಕ್ಕ ಮಕ್ಕಳು ಸೀಸದ ಗುಂಡಿನಲ್ಲಿ ಹೊಡೆದ ಮಾಂಸ ತಿನ್ನಬಾರದು ಎಂದು ಸರ್ಕಾರಿ ಸಂಸ್ಥೆಯೇ ಹೇಳಿದೆ. ಸೊಸೆಗೆ ಬಾಯಿ ಕೆಟ್ಟಿದ್ದರೆ ನಾಟಿಕೋಳಿ ಸಾರು ಮಾಡಿಕೊಡಿ.

ಪ್ರಶ್ನೆ: ಅಪ್ಪನಿಗೆ ಉಬ್ಬಸ. ಉಡದ ಮಾಂಸ, ಬಿಸಿ ರಕ್ತ ಕೊಟ್ಟರೆ ಬುಡ ಸಮೇತ ಹೋಗುತ್ತದೆ ಅಂತ ಒಬ್ಬರು ತಂದುಕೊಡಲು ರೆಡಿ ಇದ್ದಾರೆ. ಬಾವಲಿಯೂ ಒಳ್ಳೆಯದಂತೆ. (ಚಿತ್ರದುರ್ಗ ಜಿಲ್ಲೆ)

ದಯವಿಟ್ಟು ಬೇಡ. ಉಬ್ಬಸಕ್ಕೆ ಉಡವೂ ಔಷಧಿಯಲ್ಲ, ಬಾವಲಿಯೂ ಅಲ್ಲ. ಉಡದ ಹಸಿ ಮಾಂಸದಲ್ಲಿ ಇರಬಹುದಾದ ಒಂದು ಹುಳ, ಇಲಿಯ ಶ್ವಾಸಕೋಶದಲ್ಲಿ ಬೆಳೆದು ಬಸವನಹುಳುವಿನ ಮೂಲಕ ಸುತ್ತುವ ಹುಳ, ಮನುಷ್ಯನಿಗೆ ಬಂದರೆ ನೇರ ಮೆದುಳಿಗೆ ಹೋಗುತ್ತದೆ. ತಡೆಯಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ. ಕೇರಳದಲ್ಲಿ ಹೀಗೆ ಹಸಿ ಉಡ ತಿಂದು ಮೆದುಳು ಪೊರೆಯ ಉರಿಯೂತದಿಂದ ಆಸ್ಪತ್ರೆ ಸೇರಿದವರ ಬಗ್ಗೆ ಅಲ್ಲಿನ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರಲ್ಲಿ ಹಲವರು ತಿಂದದ್ದು ಔಷಧಿ ಅಂತಲೇ.

ಜೊತೆಗೆ ಉಡ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇನ್‌ಹೇಲರ್ ಶುರು ಮಾಡಿಸಿ. ಇನ್‌ಹೇಲರ್ ಚಟ ಆಗುತ್ತದೆ ಅನ್ನುವುದು ಸುಳ್ಳು, ಆ ಹೆದರಿಕೆಯಿಂದಲೇ ಎಷ್ಟೋ ಜನ ಉಡ, ಬಾವಲಿ ಅಂತ ಅಲೆಯುತ್ತಾರೆ. ಚಿಪ್ಪುಹಂದಿಯ ಚಿಪ್ಪು ಔಷಧಿಯಾ ಅಂತ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ, ಆ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು.

ಪ್ರಶ್ನೆ: ತೋಟದಲ್ಲಿ ಸತ್ತು ಬಿದ್ದ ಪ್ರಾಣಿ, ಮೈ ಇನ್ನೂ ಬೆಚ್ಚಗಿದ್ದರೆ ತಿನ್ನಬಹುದಾ?

ಮುಟ್ಟಲೂ ಬೇಡಿ. ಯಾಕೆ ಸತ್ತಿತು ಅಂತ ನಿಮಗೆ ಗೊತ್ತಾ? ಗದ್ದೆಗೆ ಇಟ್ಟ ವಿಷ ಇರಬಹುದು, ಕೀಟನಾಶಕ ಸಾರು ಕುದಿಸಿದ ಮಾತ್ರಕ್ಕೆ ಹೋಗಿಬಿಡುವುದಿಲ್ಲ. ಆಂಥ್ರಾಕ್ಸ್ ಅನ್ನುವ ಬ್ಯಾಕ್ಟೀರಿಯಾ ಕಾಯಿಲೆ ಇರಬಹುದು. ಒಡಿಶಾದ ಕೊರಾಪುಟ್ ಕಡೆ ಸತ್ತ ದನದ ಮಾಂಸದಿಂದ ಜನರಿಗೆ ಇದು ಮತ್ತೆ ಮತ್ತೆ ಬಂದಿದೆ. ಉರುಳಿಗೆ ಬಿದ್ದು ಒದ್ದಾಡಿ ಯಾವಾಗಲೋ ಸತ್ತದ್ದು ಕೂಡ ಹೊಟ್ಟೆ ಉಬ್ಬಿ ಒಳಗೇ ಕೊಳೆಯಲು ಶುರುವಾಗಿರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಮಂಗನ ಕಾಯಿಲೆ ಕಾಡು ಮಾಂಸ ತಿಂದರೆ ಬರುತ್ತದಾ? ನಾವು ಮಂಗ ತಿನ್ನುವವರಲ್ಲ. (ಸಿದ್ದಾಪುರ, ಉ.ಕ.)

ತಿನ್ನುವುದರಿಂದ ಅಲ್ಲ, ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಇದು. ವೈರಸ್ ಇರುವುದು ಉಣುಗಿನಲ್ಲಿ ಮತ್ತು ಕಾಡಿನ ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳಲ್ಲಿ. ಮಂಗ ನಮ್ಮ ಹಾಗೇ ಅದರಿಂದ ಸಾಯುವ ಪ್ರಾಣಿ. ಆದರೂ ನಿಮ್ಮ ಪ್ರಶ್ನೆ ಸರಿಯಾದದ್ದೇ, ಯಾಕೆಂದರೆ ಹೊಡೆದ ಮೊಲವನ್ನೋ ಮುಳ್ಳುಹಂದಿಯನ್ನೋ ಹೆಗಲ ಮೇಲೆ ಹೊತ್ತು ತಂದರೆ ಅದರ ಮೈಮೇಲಿನ ಉಣುಗೂ ಜೊತೆಗೆ ಬರುತ್ತದೆ. ಪ್ರಾಣಿಯ ಮೈ ತಣ್ಣಗಾದಂತೆ ಉಣುಗು ಕಳಚಿಕೊಂಡು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತದೆ, ಆಗ ಹತ್ತಿರ ಇರುವವರು ನೀವೇ. ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ನವೆಂಬರ್‌ನಿಂದ ಮೇ ತನಕ ಇದರ ಕಾಲ. ದರಕು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ತುಂಬು ತೋಳಿನ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಕಾಡುಹಂದಿ, ಜಿಂಕೆ ಮಾಂಸ ಅಂಗಡಿಯಲ್ಲೇ ಸಿಗುತ್ತದೆ. ಇದೂ ಅಪಾಯವಾ?

ಅಲ್ಲಿಯ ಕಥೆ ಬೇರೆ. ಅಲ್ಲಿ ಪ್ರತಿ ಕಾಡುಹಂದಿಯ ಮಾಂಸವನ್ನೂ ಟ್ರೈಕಿನೆಲ್ಲಾ ಇದೆಯಾ ಎಂದು ಪರೀಕ್ಷಿಸಿಯೇ ಮಾರಬೇಕು. ನಿಮ್ಮ ಬವೇರಿಯಾದಲ್ಲಿ ಇನ್ನೊಂದು ವಿಷಯವೂ ಇದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಸೀಸಿಯಂ (ಸೀಸ ಅಲ್ಲ, ವಿಕಿರಣ ಸೂಸುವ ಬೇರೆ ವಸ್ತು) ಅಲ್ಲಿನ ಕಾಡಿನ ಮಣ್ಣಿನಲ್ಲಿ ಇನ್ನೂ ಇದೆ, ನೆಲದೊಳಗಿನ ಒಂದು ಜಾತಿಯ ಅಣಬೆ ಅದನ್ನು ಹೀರುತ್ತದೆ, ಹಂದಿ ಆ ಅಣಬೆಯನ್ನು ಅಗೆದು ತಿನ್ನುತ್ತದೆ. ವಿಕಿರಣ ಕಿಲೋಗೆ 600 ಬೆಕೆರೆಲ್ (ಅದನ್ನು ಅಳೆಯುವ ಮಾನ) ದಾಟಿದರೆ ಮಾರುವ ಹಾಗಿಲ್ಲ. ಅಂಗಡಿಯಲ್ಲಿ ಕೊಳ್ಳಿ, ಚೆನ್ನಾಗಿ ಬೇಯಿಸಿ, ಯಾರೋ ಪರಿಚಯದ ಬೇಟೆಗಾರರು ಸುಮ್ನೆ ಕೊಟ್ಟರು ಅಂತ ತರಬೇಡಿ. ಸೀಸದ ಬಗ್ಗೆ ಕೊಡಗಿನ ಅಮ್ಮನಿಗೆ ಬರೆದದ್ದನ್ನು ನೀವೂ ಓದಿ.

ಪ್ರಶ್ನೆ: ಕಾಡು ಮಾಂಸದಲ್ಲಿ ಶಕ್ತಿ ಜಾಸ್ತಿ ಅನ್ನುವುದು ನಿಜವಾ?

ಕೊಬ್ಬು ಕಡಿಮೆ, ಪ್ರೋಟೀನ್ ಮತ್ತು ಕಬ್ಬಿಣದ ಅಂಶ ಚೆನ್ನಾಗಿದೆ, ಅಷ್ಟು ನಿಜ. ಕುರಿ, ಕೋಳಿ, ಮೀನು, ಮೊಟ್ಟೆ, ಕಾಳಿನಲ್ಲಿ ಸಿಗದ ಯಾವ ಶಕ್ತಿಯೂ ಅದರಲ್ಲಿಲ್ಲ.

ಪ್ರಶ್ನೆ: ಹಬ್ಬದಲ್ಲಿ ತಿಂದಾಗಿದೆ. ಈಗ ಮೂರು ವಾರದ ಮೇಲೆ ಜ್ವರ, ಮೈಕೈ ನೋವು. ಡಾಕ್ಟರ ಹತ್ತಿರ ಹೇಳಿದರೆ ಕೇಸಾಗುತ್ತದೆ ಅಂತ ಭಯ. (ಹೆಸರು, ಊರು ಬೇಡ)

ಹೇಳಿ. ಇವತ್ತೇ ಹೋಗಿ ಹೇಳಿ. ನಿಮ್ಮ ಡಾಕ್ಟರಿಗೆ ಬೇಕಾಗಿರುವುದು ಕಾಯಿಲೆಯ ಜಾಡು, ನಿಮ್ಮ ಮೇಲೆ ಕೇಸು ಅಲ್ಲ. ಯಾವ ಪ್ರಾಣಿ, ಯಾವತ್ತು, ಹೇಗೆ ಬೇಯಿಸಿದ್ದು, ನೀವು ಬರೀ ತಿಂದವರಾ ಅಥವಾ ಕೊಯ್ಯಲೂ ಕೂತಿದ್ದಿರಾ, ಕೈಯಲ್ಲಿ ಗಾಯ ಇತ್ತಾ, ಉಣುಗು ಕಚ್ಚಿತ್ತಾ, ಇಷ್ಟೂ ಹೇಳಿ. ಇದು ಗೊತ್ತಿಲ್ಲದಿದ್ದರೆ ಅವರು ಸಾಮಾನ್ಯ ವೈರಲ್ ಜ್ವರ ಅಂತ ಪ್ಯಾರಾಸಿಟಮಾಲ್ ಬರೆದು ಕಳಿಸುತ್ತಾರೆ, ಅದು ಅವರ ತಪ್ಪಲ್ಲ. ಗೊತ್ತಾದರೆ ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಎಷ್ಟಿದೆ ನೋಡುತ್ತಾರೆ, ಹುಳದ ಕಾಯಿಲೆಯಲ್ಲಿ ಅದು ಏರುತ್ತದೆ. ಇಲಿಜ್ವರ, ಬ್ರುಸೆಲ್ಲಾ ಪರೀಕ್ಷೆ ಮಾಡಿಸುತ್ತಾರೆ. ಎಲ್ಲಕ್ಕೂ ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದ ಹಾಗಾದರೆ ಕ್ಲಿನಿಕ್‌ಗೆ ಅಲ್ಲ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ನಿಮ್ಮ ಜೊತೆ ಅವತ್ತು ತಿಂದವರಲ್ಲಿ ಇನ್ಯಾರಿಗಾದರೂ ಹೀಗೇ ಆಗಿದೆಯಾ ವಿಚಾರಿಸಿ, ಆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.